ಮೈಗೊಂದಿಷ್ಟು ಜಿಡ್ಡು

ಹಾರ್ಮೋನ್ ತೆಗೆದುಕೊಳ್ಳಲು ಶುರುಮಾಡಿದ ಟ್ರಾನ್ಸ್ ಹೆಂಗಸನ್ನು ಜನ ಕೇಳುವ ಪ್ರಶ್ನೆಗಳೆಲ್ಲ ಬಹಳ ಘನವಾದವು. ಮನೆಯವರು ಏನಂದರು, ದೇವರು ಏನಂದಾನು, ಮುಂದೆ ಮದುವೆಯ ಕತೆಯೇನು, ದನಿ ಯಾಕೆ ಇನ್ನೂ ಹಾಗೇ ಇದೆ. ಬಸ್ಸಿನಲ್ಲಿ ಪಕ್ಕ ಕೂತ ಪರಿಚಯಕ್ಕೇ ಇನ್ನೂ ಒಳಗಿನ ಪ್ರಶ್ನೆಗೆ ಇಳಿಯುವವರಿದ್ದಾರೆ. ಅವನ್ನಿಲ್ಲಿ ಬರೆದರೆ ಸಂಪಾದಕರು ಕತ್ತರಿ ಹಾಕುತ್ತಾರೆ. ಆದರೆ 'ಮೈ ತುರಿಸುತ್ತದೆಯಾ?' ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಒಂದು ಗಂಟೆ ಮಾತಾಡುತ್ತಿದ್ದೆ. ಯಾರೂ ಕೇಳದ್ದರಿಂದ ಬರೆಯುತ್ತಿದ್ದೇನೆ.

ತುರಿಸುತ್ತದೆ. ಮೊಣಕಾಲಿನ ಕೆಳಗೆ, ಮುಂಗೈ ಮೇಲೆ, ಲಂಗದ ಲಾಡಿ ಕೂರುವ ಸೊಂಟದ ಸುತ್ತ. ಚಳಿಗಾಲದಲ್ಲಿ ಕಣಕಾಲಿನ ಮೇಲೆ ಉಗುರಿನಿಂದ ಎಳೆದರೆ ಬಿಳಿ ಗೆರೆ ಮೂಡಿ, ಅಲ್ಲೇ ಅ ಆ ಇ ಈ ತಿದ್ದಬಹುದು. ಒಂದು ಸಂಜೆ ಪಕ್ಕದ ಮನೆಯ ಹುಡುಗಿಗೆ ನನ್ನ ಕಾಲಿನ ಮೇಲೆ ಎರಡರ ಮಗ್ಗಿ ಬರೆದು ತೋರಿಸಿದ್ದೇನೆ. ಅವಳಿಗೆ ಬಹಳ ಸಂತೋಷವಾಯಿತು. ತಾನೂ ಬರೆಯುತ್ತೇನೆಂದು ಹಟ ಹಿಡಿದಳು.

ಇದರ ಸೂಚನೆ ಮೊದಲೇ ಸಿಕ್ಕಿರಲಿಲ್ಲ ಎನ್ನುವಂತಿಲ್ಲ. ಎಂಡೋಕ್ರಿನಾಲಜಿಸ್ಟ್ 'ಚರ್ಮ ಸ್ವಲ್ಪ ಡ್ರೈ ಆಗಬಹುದು' ಅಂದಿದ್ದರು. ಅಂದವರೇ ಮುಂದಿನ ಸಾಲಿಗೆ ಹೋದರು. ಅವರ ಮುಂದಿದ್ದ ಹಾಳೆಯಲ್ಲಿ ಲಿವರ್ ಇತ್ತು, ಪೊಟ್ಯಾಸಿಯಂ ಇತ್ತು, ರಕ್ತ ಹೆಪ್ಪುಗಟ್ಟುವ ಅಪಾಯವಿತ್ತು. ಅಂಥ ದೊಡ್ಡವರ ಸಾಲಿನಲ್ಲಿ ಒಣಚರ್ಮ ಪಾಪ ಎಲ್ಲಿ ನಿಲ್ಲಬೇಕು?

ನಡೆಯುವುದು ಇಷ್ಟು. ಚರ್ಮದೊಳಗಿನ ಎಣ್ಣೆಗ್ರಂಥಿಗಳು ಟೆಸ್ಟೋಸ್ಟಿರೋನ್ ಹೇಳಿದಂತೆ ಕೇಳುವವು. ಹೈಸ್ಕೂಲಿಗೆ ಹೋಗುವ ಹುಡುಗರ ಹಣೆ ಮೂಗುಗಳ ಮೇಲೆ ಜಿಡ್ಡು ಒಸರುವುದು, ಮೊಡವೆ ಏಳುವುದು ಅದರ ದೆಸೆಯಿಂದಲೇ. ಈಸ್ಟ್ರಾಡಯಾಲ್ ಕೊಟ್ಟು, ಜೊತೆಗೆ ಸ್ಪೈರೊನೊಲ್ಯಾಕ್ಟೋನ್ ಅಥವಾ ಸೈಪ್ರೊಟೆರೋನ್‌ನಂಥ ಮಾತ್ರೆಯಿಂದ ಟೆಸ್ಟೋಸ್ಟಿರೋನಿನ ಬಾಯಿ ಕಟ್ಟಿದರೆ ಈ ಗ್ರಂಥಿಗಳಿಗೆ ಹೇಳುವವರು ಕೇಳುವವರು ಇಲ್ಲದಂತಾಗುತ್ತದೆ. ಸಾಮಾನ್ಯವಾಗಿ 3ರಿಂದ 6 ತಿಂಗಳೊಳಗೆ ಜಿಡ್ಡು ಇಳಿಯುತ್ತದೆ, ಚರ್ಮ ಮೆತ್ತಗಾಗುತ್ತದೆ. ಹಾರ್ಮೋನಿನ ಬದಲಾವಣೆಗಳಲ್ಲಿ ಎಲ್ಲಕ್ಕಿಂತ ಮೊದಲು ಬರುವವುಗಳಲ್ಲಿ ಇದೂ ಒಂದು. ಮೊಡವೆ ಹೋಯಿತು, ಕೆನ್ನೆ ನುಣುಪಾಯಿತು ಎಂದು ಕನ್ನಡಿಯ ಮುಂದೆ ಹಿಗ್ಗುತ್ತಿರುವಾಗಲೇ ಮೊಣಕೈ ಬೂದಿ ಬಳಿದುಕೊಂಡು ನಿಂತಿರುತ್ತದೆ.

ಚರ್ಮದ ಮೇಲ್ಪದರವನ್ನು ನಮ್ಮೂರಿನ ಚಿರೆಕಲ್ಲಿನ ಗೋಡೆ ಅಂದುಕೊಳ್ಳಿ. ಸತ್ತ ಜೀವಕೋಶಗಳು ಕಲ್ಲು. ನಡುವೆ ಸಿರಮೈಡ್, ಕೊಲೆಸ್ಟರಾಲ್, ಕೊಬ್ಬಿನ ಆಮ್ಲಗಳ ಗಾರೆ. ಎಣ್ಣೆಗ್ರಂಥಿಗಳ ಜಿಡ್ಡು ಗೋಡೆಯ ಮೇಲಿನ ಸಾರಣೆ. ಸಾರಣೆ ಹೋದ ಗೋಡೆಗೆ ದಿನಾ ಬಿಸಿನೀರು ಎರಚಿ, ಸೋಪು ಹಾಕಿ ಉಜ್ಜಿದರೆ ಗಾರೆಯೂ ಸಡಿಲವಾಗಿ ಒಳಗಿನ ನೀರು ಹೊರಗೆ ಹೋಗುತ್ತದೆ. ನಾವು ಮಾಡುವುದು ನಿಖರವಾಗಿ ಅದನ್ನೇ, ಅದೂ ಶ್ರದ್ಧೆಯಿಂದ.

ನಾನು ಶಿರಸಿ ಕಡೆಯವಳು. ನಮ್ಮಲ್ಲಿ ಸ್ನಾನವೆಂದರೆ ಬಚ್ಚಲ ಒಲೆಗೆ ಅಡಕೆ ಸಿಪ್ಪೆ ಒಟ್ಟಿ, ಹಂಡೆಯಲ್ಲಿ ನೀರು ಮರಳಿಸಿ, ಮೈ ಕೆಂಪಗಾಗುವ ತನಕ ಹೊಯ್ದುಕೊಳ್ಳುವುದು. ಹೊರಬಂದವರ ಮೈಯಿಂದ ಹಬೆ ಏಳದಿದ್ದರೆ ಸರಿಯಾಗಿ ಮಿಂದಿಲ್ಲವೆಂದೇ ಲೆಕ್ಕ. ಅಂಥ ಪರಂಪರೆಯಲ್ಲಿ ಬೆಳೆದವಳಿಗೆ ಬೆಂಗಳೂರಿನ ಚರ್ಮವೈದ್ಯೆ 'ಉಗುರು ಬೆಚ್ಚಗಿನ ನೀರು, ಹತ್ತು ನಿಮಿಷ ಮೀರಬಾರದು' ಎಂದರು. ಲಿಂಗ ಬದಲಾಯಿಸಿಕೊಳ್ಳುತ್ತೇನೆಂದಾಗ ನೆಂಟರ ಮುಖ ಹೇಗಾಗಿತ್ತೋ ಆಗ ನನ್ನ ಮುಖವೂ ಹಾಗೇ ಆಗಿರಬೇಕು. ಮೇಲಾಗಿ ಇಲ್ಲಿನ ಬೋರ್‌ವೆಲ್ ನೀರು ಗಡಸು. ಗೀಸರಿನ ಕಾಯಿಲ್ ಬಿಚ್ಚಿದರೆ ಸುಣ್ಣದ ಹೆಕ್ಕಳೆ ಉದುರುತ್ತದೆ. ಆ ನೀರಿನ ಸುಣ್ಣವೂ ಸೋಪೂ ಕೂಡಿದರೆ ಒಂದು ಅಂಟು ಉಳಿಯುತ್ತದೆ. ಬಕೆಟ್ಟಿನ ಅಂಚಿಗೆ ಕೂತದ್ದು ನಮಗೆ ಕಾಣುತ್ತದೆ, ಮೈಗೆ ಕೂತದ್ದು ಕಾಣುವುದಿಲ್ಲ.

ಸೋಪಿನ ವಿಷಯ ಇನ್ನೂ ನಾಜೂಕಿನದು, ಯಾಕೆಂದರೆ ಅಲ್ಲಿ ನಾಡಾಭಿಮಾನ ಅಡ್ಡ ಬರುತ್ತದೆ. ಮೊದಲ ಮಹಾಯುದ್ಧದಿಂದಾಗಿ ಗಂಧದ ಮರ ಹೊರದೇಶಕ್ಕೆ ಹೋಗದೆ ರಾಶಿ ಬಿದ್ದಾಗ ಎಣ್ಣೆ ತೆಗೆಸಿ, ನಾಲ್ವಡಿಯವರ ಕಾಲದಲ್ಲಿ, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ಶುರುವಾದ ಸಾಹಸ ಮೈಸೂರು ಸ್ಯಾಂಡಲ್ ಸೋಪು. ಸೋಪು ಮಾಡುವ ವಿದ್ಯೆ ಕಲಿಯಲು ಎಸ್. ಜಿ. ಶಾಸ್ತ್ರಿಗಳನ್ನು ಇಂಗ್ಲೆಂಡಿಗೇ ಕಳಿಸಿದ್ದರು. ಆ ಕಾರಣಕ್ಕೆ ಅವರು 'ಸೋಪ್ ಶಾಸ್ತ್ರಿ' ಎಂದೇ ಹೆಸರಾದರು. ನಮ್ಮ ಮನೆಯಲ್ಲಿ ಮೈಸೂರು ಸ್ಯಾಂಡಲ್ ನೆಂಟರು ಬಂದಾಗ ಮಾತ್ರ ಬಚ್ಚಲಿಗೆ ಇಳಿಯುತ್ತಿತ್ತು. ಹೊಸತಾಗಿ ಒಡೆದದ್ದನ್ನು ಆಯಿ ಮೊದಲು ಬಟ್ಟೆ ಪೆಟ್ಟಿಗೆಯಲ್ಲಿಟ್ಟು, ಪರಿಮಳವನ್ನೆಲ್ಲ ಸೀರೆಗೆ ಕುಡಿಸಿ, ಆಮೇಲೆ ನೆಂಟರಿಗೆ ಕೊಡುತ್ತಿದ್ದಳು. ಆದರೆ ಗಂಧದ್ದಿರಲಿ, ಬೇವಿನದಿರಲಿ, ಎಣ್ಣೆಗೆ ಕ್ಷಾರ ಬೆರೆಸಿ ಮಾಡಿದ ಯಾವುದೇ ಸೋಪಿನ ಪಿಎಚ್ 9–10ರ ಸುಮಾರು. ಚರ್ಮದ್ದು 5ರ ಆಸುಪಾಸು. ಹಾಗಾಗಿ ಈಗ ನನ್ನ ಗಂಧದ ಸೋಪಿಗೆ ಕಂಕುಳು, ತೊಡೆಸಂದು, ಪಾದ ಇಷ್ಟೇ ಕಾರ್ಯಕ್ಷೇತ್ರ. ಕಂಕುಳಲ್ಲೂ ಅದಕ್ಕೆ ಮೊದಲಿನಷ್ಟು ಕೆಲಸವಿಲ್ಲ. ಹಾರ್ಮೋನಿನಿಂದ ಬೆವರಿನ ವಾಸನೆಯೂ ಬದಲಾಗಿ, ಆ ಹಳೆಯ ಬನಿಯನ್ನಿನ ಘಾಟು ಹೇಳದೆ ಕೇಳದೆ ಹೋಗಿಬಿಟ್ಟಿದೆ. ಅದನ್ನು ಯಾರೂ ನೆನೆಯುವುದಿಲ್ಲ.

ಉಪಚಾರದ ಸಲಹೆಗಳಿಗೆ ಬರವಿಲ್ಲ. ಮನೆ ಓನರ್ ಆಂಟಿ 'ದಿನಾ ಎಳ್ನೀರ್ ಕುಡಿಯಮ್ಮ, ಮುಖ ಫಳಫಳ ಅನ್ನತ್ತೆ' ಎಂದರು. ಅವರು 'ಅಮ್ಮ' ಎಂದದ್ದರ ಖುಷಿಯಲ್ಲಿ ಎರಡು ಎಳನೀರು ಕುಡಿಯಲು ನಾನು ತಯಾರಿದ್ದೆ. ತೊಂದರೆಯೆಂದರೆ ಸ್ಪೈರೊನೊಲ್ಯಾಕ್ಟೋನ್ ಮೂತ್ರ ಹೆಚ್ಚಿಸಿ, ಪೊಟ್ಯಾಸಿಯಂ ಮಾತ್ರ ಮೈಯಲ್ಲೇ ಹಿಡಿದಿಡುವ ಮಾತ್ರೆ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ. ರಕ್ತಪರೀಕ್ಷೆಯ ಚೀಟಿ ನೋಡಿದ ಡಾಕ್ಟರು 'ಎಂದಾದರೊಂದು ಕುಡಿಯಿರಿ, ದಿನಾ ಬೇಡ' ಅಂದರು. ಅಷ್ಟಕ್ಕೂ ಹೊಟ್ಟೆಗೆ ಎಷ್ಟೇ ನೀರು ಹೋದರೂ ಗಾರೆ ಬಿಟ್ಟ ಚರ್ಮ ಅದನ್ನು ತಡೆದು ನಿಲ್ಲಿಸುವುದಿಲ್ಲ. ಬಾಯಾರಿದಷ್ಟು ಕುಡಿದರೆ ಸಾಕು.

ಮಾಲಿನ ಕಾಸ್ಮೆಟಿಕ್ಸ್ ಅಂಗಡಿಗೆ ಹೋದದ್ದು ಬೇರೆಯೇ ಅನುಭವ. ಗಂಡಸರ ಕಪಾಟಿನಲ್ಲಿ ಎಲ್ಲ ಡಬ್ಬಿಗಳೂ ಕಪ್ಪು. ಇದ್ದಿಲು, ಐಸು, ಮಿಂಚು ಇತ್ಯಾದಿ ಯುದ್ಧಸಾಮಗ್ರಿ. ಹೆಂಗಸರ ಕಪಾಟಿನಲ್ಲಿ ಗುಲಾಬಿ, ಹಾಲು, ಕೇಸರಿ, ಇಬ್ಬನಿ. ನಾನು ಎರಡರ ನಡುವೆ ನಿಂತಿದ್ದೆ. ಸೇಲ್ಸ್ ಹುಡುಗಿ 'ಹೇಳಿ ಸರ್' ಎಂದು ಶುರುಮಾಡಿ, ನನ್ನ ಕಿವಿಯ ಜುಮಕಿ ನೋಡಿ 'ಮೇಡಂ' ಎಂದು ಮುಗಿಸಿದಳು. 'ನಿಮ್ಮ ಸ್ಕಿನ್ ಟೈಪ್ ಏನು?' ಎಂದಳು. 'ಹೋದ ವರ್ಷ ಆಯ್ಲಿ, ಈ ವರ್ಷ ಡ್ರೈ' ಎಂದೆ. ಅಂಥ ಟೈಪು ಅವಳ ತರಬೇತಿಯಲ್ಲಿ ಇರಲಿಲ್ಲ. ಆಮೇಲೆ ಎರಡು ಕಪಾಟಿನಿಂದಲೂ ಒಂದೊಂದು ಡಬ್ಬಿ ಎತ್ತಿ ಹಿಂದಿನ ಸಣ್ಣಕ್ಷರ ಓದಿದೆ. ಎರಡರಲ್ಲೂ ಮೊದಲು ನೀರು, ಅದರ ಹಿಂದೆಯೇ ಗ್ಲಿಸರಿನ್. ಗ್ಲಿಸರಿನ್ನಿಗೆ ಯಾವ ಲಿಂಗವೂ ಇಲ್ಲ. ಮೆಡಿಕಲ್ ಶಾಪಿನಲ್ಲಿ ಅಗ್ಗಕ್ಕೆ ಸಿಗುತ್ತದೆ.

ಕೊನೆಗೆ ಚರ್ಮಕ್ಕೆ ಹಚ್ಚುವ ವಸ್ತುಗಳು ಮೂರೇ ಜಾತಿ. ಗ್ಲಿಸರಿನ್, ಯೂರಿಯಾದಂಥವು ನೀರನ್ನು ಸೆಳೆದು ಹಿಡಿಯುತ್ತವೆ. ಸಿರಮೈಡ್, ಎಣ್ಣೆ, ಬೆಣ್ಣೆಯಂಥವು ಸಂದು ತುಂಬುತ್ತವೆ. ವ್ಯಾಸಲೀನಿನಂಥವು ಮೇಲೆ ಕೂತು ನೀರು ಆರದಂತೆ ಮುಚ್ಚುತ್ತವೆ. ಮುಚ್ಚುವ ಕೆಲಸದಲ್ಲಿ ವ್ಯಾಸಲೀನನ್ನು ಮೀರಿಸಿದ್ದು ಬಲು ಕಡಿಮೆ. ಅಮೆರಿಕದ ಎಣ್ಣೆಬಾವಿಗಳ ಪಂಪಿನ ಸರಳಿಗೆ ಕಟ್ಟುತ್ತಿದ್ದ ಕಿಲುಬಿನಂಥ ಮೇಣವನ್ನು ಶುದ್ಧಮಾಡಿ, ರಾಬರ್ಟ್ ಚೀಸ್‌ಬರೋ ಎಂಬಾತ 1872ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಅವನು ದಿನಾ ಒಂದು ಚಮಚ ತಿನ್ನುತ್ತಿದ್ದನೆಂಬ ಪ್ರತೀತಿ ಇದೆ, 96 ವರ್ಷ ಬದುಕಿದ್ದಂತೂ ನಿಜ. ತಿನ್ನುವುದು ಬೇಡ, ಹಚ್ಚಿ. ಹಚ್ಚುವ ಹೊತ್ತು ಮುಖ್ಯ: ಟವೆಲ್ಲಿನಿಂದ ಒತ್ತಿ ಒರೆಸಿ, ಮೈಯಲ್ಲಿ ಪಸೆ ಇರುವಾಗಲೇ, ಎರಡು ಮೂರು ನಿಮಿಷದೊಳಗೆ. ಬಚ್ಚಲ ಬಾಗಿಲು ತೆಗೆಯುವ ಮುಂಚೆಯೇ ಮುಗಿಯಬೇಕು. ಹೊರಗೆ ಬಂದು, ಫೋನು ನೋಡಿ, ಕಾಫಿ ಕುಡಿದು ಆಮೇಲೆ ಹಚ್ಚಿದರೆ ಮುಚ್ಚಲು ಒಳಗೇನೂ ಉಳಿದಿರುವುದಿಲ್ಲ.

ಇಲ್ಲೊಂದು ಎಚ್ಚರಿಕೆ. ಹಾರ್ಮೋನನ್ನು ಮಾತ್ರೆಯಾಗಿ ನುಂಗದೆ ಜೆಲ್ ಆಗಿ ಹಚ್ಚುವವರಿದ್ದಾರೆ, ಪ್ಯಾಚ್ ಅಂಟಿಸುವವರಿದ್ದಾರೆ. ಜೆಲ್ ಹಚ್ಚಿದ ಜಾಗಕ್ಕೆ ಅದೇ ಹೊತ್ತಿಗೆ ಕ್ರೀಮು ಬಳಿದರೆ ಔಷಧ ಒಳಗಿಳಿಯುವ ಲೆಕ್ಕ ತಪ್ಪಬಹುದು. ಲೋಷನ್ ಹಚ್ಚಿದ ಚರ್ಮಕ್ಕೆ ಪ್ಯಾಚಂತೂ ನಿಲ್ಲುವುದೇ ಇಲ್ಲ. ನನ್ನ ಗೆಳತಿಯೊಬ್ಬಳ ಪ್ಯಾಚು ಹೊಟ್ಟೆಯಿಂದ ಜಾರಿ, ಇಡೀ ದಿನ ಅವಳ ಸೀರೆಯ ನೆರಿಗೆಗೆ ಹಾರ್ಮೋನ್ ಚಿಕಿತ್ಸೆ ಕೊಡುತ್ತಿತ್ತು.

ಆಯಿ ಹಾರ್ಮೋನಿನ ವಿಷಯ ಎತ್ತುವುದಿಲ್ಲ. ಹಿಮ್ಮಡಿಯ ವಿಷಯ ಎತ್ತುತ್ತಾಳೆ. 'ಕಾಲು ಹ್ಯಾಂಗಿದ್ದು?' ಎಂದು ಫೋನಿನಲ್ಲಿ ಕೇಳಿ, 'ಒಡದ್ದು' ಎಂದರೆ ಊರಿಂದ ಬರುವ ಯಾರದಾದರೂ ಚೀಲದಲ್ಲಿ ಮುರುಗಲ ತುಪ್ಪ ಕಳಿಸುತ್ತಾಳೆ. ಮುರುಗಲ ಹಣ್ಣಿನ ಸಿಪ್ಪೆ ಸಾರಿಗೆ, ಪಾನಕಕ್ಕೆ. ಬೀಜವನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಕೊಬ್ಬು ಮೇಲೆ ತೇಲುತ್ತದೆ. ಅದನ್ನು ತೆಗೆದು ಆರಿಸಿ ಉಂಡೆ ಕಟ್ಟುತ್ತಾರೆ. ಕೈಗೆ ತೆಗೆದುಕೊಂಡರೆ ಕಲ್ಲು. ಕರಗಲು ಮೈಬಿಸಿಗಿಂತ ಒಂದೆರಡು ಡಿಗ್ರಿ ಹೆಚ್ಚು ಬೇಕು, ಹಾಗಾಗಿ ನಮ್ಮ ಅಮ್ಮಮ್ಮ ಚಮಚದಲ್ಲಿಟ್ಟು ಚಿಮಣಿ ದೀಪದ ಮೇಲೆ ಹಿಡಿಯುತ್ತಿದ್ದಳು. ಕರಗಿದ್ದನ್ನು ಬಿರುಕಿಗೆ ಒಂದೊಂದೇ ಹನಿ ಬಿಟ್ಟರೆ 'ಸ್ಸ್' ಎನಿಸಿ, ಅರೆಗಳಿಗೆಯಲ್ಲಿ ಅಲ್ಲೇ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಮೇಲೊಂದು ಹಳೆ ಕಾಲುಚೀಲ. ಹತ್ತು ಪರ್ಸೆಂಟ್ ಯೂರಿಯಾ ಕ್ರೀಮೂ ಚೆನ್ನಾಗಿ ಕೆಲಸ ಮಾಡುತ್ತದೆ, ನಿಜ. ಆದರೆ ಅದರ ಟ್ಯೂಬಿನ ಮೇಲೆ ಯಾರೂ 'ರಾತ್ರೆ ಮನಿಕ್ಯಂಬಕಾರೆ ಹಚ್ಗ್ಯ, ಕೂಸೇ' ಎಂದು ಬರೆದಿರುವುದಿಲ್ಲ.

ಒಣಚರ್ಮ ಸರ್ಕಾರಿ ಕೆಲಸಕ್ಕೂ ಅಡ್ಡ ಬರುತ್ತದೆಂದು ಗೊತ್ತಾದದ್ದು ಆಧಾರ್ ಕೇಂದ್ರದಲ್ಲಿ. 2014ರಲ್ಲಿ ಸುಪ್ರೀಂ ಕೋರ್ಟ್ ಟ್ರಾನ್ಸ್ ಜನರ ಹಕ್ಕಿನ ನಾಲ್ಸಾ ತೀರ್ಪು ಕೊಟ್ಟಾಯಿತು, 2019ರಲ್ಲಿ ಸಂಸತ್ತು ಕಾಯ್ದೆ ಮಾಡಿಯಾಯಿತು, ಅದರಂತೆ ಜಿಲ್ಲಾಧಿಕಾರಿಯ ಪ್ರಮಾಣಪತ್ರವೂ ನನ್ನ ಕೈಯಲ್ಲಿತ್ತು. ಹೆಸರು, ಲಿಂಗ ಎರಡನ್ನೂ ತಿದ್ದಲು ಯಾರ ತಕರಾರೂ ಇರಲಿಲ್ಲ. ತಕರಾರು ಮಾಡಿದ್ದು ಬೆರಳಚ್ಚಿನ ಯಂತ್ರ. ಬೆರಳು ಒಣಗಿದ್ದರೆ ಅದಕ್ಕೆ ಗೆರೆ ಸರಿಯಾಗಿ ಕಾಣುವುದಿಲ್ಲ. ಯಂತ್ರದ ಮುಂದೆ ಕೂತಿದ್ದ ಹುಡುಗ ಪಳಗಿದವನು, 'ಹಣೆಗೆ ಒರೆಸಿ ಇಡಿ ಮೇಡಂ, ಜಿಡ್ಡಿಗೆ ಬರತ್ತೆ' ಎಂದ. ಒರೆಸಿದೆ. ಬರಲಿಲ್ಲ. 'ಮೂಗಿನ ಪಕ್ಕ ಒರೆಸಿ.' ಅಲ್ಲೂ ಇಲ್ಲ. ಒಂದು ಕಾಲದಲ್ಲಿ ಆ ಮೂಗಿನಿಂದ ಇಡೀ ಹೋಬಳಿಯ ಬೆರಳಚ್ಚು ಮಾಡಿಸಬಹುದಿತ್ತು ಎಂದು ಅವನಿಗೆ ಹೇಗೆ ಹೇಳುವುದು? ಸಾಲಿನಲ್ಲಿ ಹಿಂದೆ ನಿಂತಿದ್ದ, ತಲೆಗೆ ತೊಟ್ಟಿಕ್ಕುವಷ್ಟು ಕೊಬ್ಬರಿಎಣ್ಣೆ ಹಾಕಿದ್ದ ಹೆಂಗಸು ಬೇಸರಪಟ್ಟುಕೊಂಡು ತನ್ನ ಜಡೆಯನ್ನೇ ಮುಂದೆ ಮಾಡಿ 'ಇದಕ್ಕೆ ಒರೆಸ್ಕೊಳಿ ಅಕ್ಕಾ, ಲೇಟಾಗ್ತಿದೆ' ಎಂದಳು. ಹತ್ತೂ ಬೆರಳು ಒಂದೇ ಸಲಕ್ಕೆ ಪಾಸಾದವು. ಅವತ್ತಿಂದ ನನ್ನ ಕೈಚೀಲದಲ್ಲಿ ಒಂದು ಪುಟ್ಟ ಕೊಬ್ಬರಿಎಣ್ಣೆ ಶೀಶೆ ಇರುತ್ತದೆ. ಮೈಗೆ ಹಚ್ಚಲು ಸಾಸಿವೆ, ಆಲಿವ್ ಎಣ್ಣೆಗಳಿಗಿಂತ ಕೊಬ್ಬರಿಎಣ್ಣೆಯೇ ವಾಸಿ. ಅವೆರಡೂ ಒಣಚರ್ಮದ ಗಾರೆಯನ್ನು ಇನ್ನಷ್ಟು ಸಡಿಲಿಸಬಹುದು.

ಗಡ್ಡದ ವಿಷಯ ಉದ್ದ ಮಾಡುವುದಿಲ್ಲ. ಹಾರ್ಮೋನಿನಿಂದ ಗಡ್ಡ ಹೋಗುವುದಿಲ್ಲ. ಲೇಸರ್ ಮಾಡಿಸುವ ತನಕ, ಮಾಡಿಸುವ ನಡುವೆಯೂ, ಬ್ಲೇಡು ತಪ್ಪಿದ್ದಲ್ಲ. ತೆಳ್ಳಗಾದ ಚರ್ಮದ ಮೇಲೆ ಕೂದಲು ಬೆಳೆದ ದಿಕ್ಕಿಗೇ ಎಳೆಯಬೇಕು, ಸ್ಪಿರಿಟ್ ಇರುವ ಆಫ್ಟರ್‌ಶೇವನ್ನು ಯಾರಾದರೂ ಶತ್ರುವಿಗೆ ದಾನ ಮಾಡಬೇಕು, ಲೇಸರ್ ಆದ ಮೇಲೆ ಸನ್‌ಸ್ಕ್ರೀನ್ ಇಲ್ಲದೆ ಬಿಸಿಲಿಗೆ ಹೋಗಬಾರದು.

ಇಷ್ಟೆಲ್ಲ ಓದಿದ ಮೇಲೆ ಒಂದು ಮಾತು ನಡೆಸಿಕೊಡಿ. ನಮ್ಮವರಲ್ಲಿ ಬಹಳ ಜನ ಒಣಗಿದ, ಕಪ್ಪಿಟ್ಟ ಮುಖಕ್ಕೆಂದು ಮೆಡಿಕಲ್ ಶಾಪಿನವನು ತಾನಾಗಿ ಕೊಟ್ಟ ಬಿಳಿ ಕ್ರೀಮು ಹಚ್ಚುತ್ತಾರೆ. ವಾರದಲ್ಲಿ ಮುಖ ಬೆಳ್ಳಗೆ, ನುಣ್ಣಗೆ ಕಾಣುತ್ತದೆ. ಟ್ಯೂಬ್ ತಿರುಗಿಸಿ ಓದಿ. ಬೆಟಾಮೆಥಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಇನ್ನಷ್ಟು ತೆಳ್ಳಗಾಗುತ್ತದೆ, ಕೆಂಪು ರಕ್ತನಾಳಗಳು ಕಾಣುತ್ತವೆ, ಮುಖದ ಮೇಲೆ ಕೂದಲೂ ಬೆಳೆಯಬಹುದು. ಲೇಸರಿಗೆ ದುಡ್ಡು ಸುರಿದವರಿಗೆ ಇದಕ್ಕಿಂತ ದೊಡ್ಡ ಮೋಸ ಬೇಕೆ? ಇಂಥ ಕ್ರೀಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದೆಂದು 2018ರಲ್ಲೇ ನಿಯಮ ಬಿಗಿಮಾಡಿದ್ದಾರೆ. ಮಾರಾಟ ಮಾತ್ರ ನಿಂತಿಲ್ಲ. ಈಗಾಗಲೇ ಬಹಳ ದಿನದಿಂದ ಹಚ್ಚುತ್ತಿದ್ದರೆ ಥಟ್ಟನೆ ಬಿಡದೆ ಚರ್ಮವೈದ್ಯರನ್ನು ಕಾಣಿ. ಇನ್ನೂ ಕೊಂಡಿಲ್ಲವಾದರೆ ಟ್ಯೂಬನ್ನು ಅವನ ಕೌಂಟರಿನ ಮೇಲೇ ಇಟ್ಟು, ಒಂದು ಸಣ್ಣ ಡಬ್ಬಿ ವ್ಯಾಸಲೀನ್ ಕೇಳಿ. ಅಷ್ಟು ಸಣ್ಣ ವ್ಯಾಪಾರಕ್ಕೆ ಅವನ ಮುಖ ಸಪ್ಪಗಾಗುತ್ತದೆ, ಆಗಲಿ.