ಬೆಂಗಳೂರು ಬಲ್ಲ ಮಾವ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ತಾಲೂಕುಗಳ ಯಾವ ಮನೆತನವನ್ನೇ ತೆಗೆದುಕೊಳ್ಳಿರಿ, ಅದರಲ್ಲಿ ಹೊಲ ನೋಡುವವನೊಬ್ಬ, ಕೋರ್ಟು ಕಚೇರಿ ತಿರುಗುವವನೊಬ್ಬ ಇರುವಂತೆ ಬೆಂಗಳೂರನ್ನು ಬಲ್ಲವನೊಬ್ಬನು ಇದ್ದೇ ಇರುತ್ತಾನೆ. ಮತ್ತು ಆತನು ಬಹುಮಟ್ಟಿಗೆ ಸೋದರಮಾವನಾಗಿರುತ್ತಾನೆ. ಆತನ ಬೆಂಗಳೂರು ಜ್ಞಾನದ ಮೂಲವನ್ನು ಶೋಧಿಸ ಹೊರಟವರಿಗೆ ತಿಳಿದುಬರುವುದೇನೆಂದರೆ, ಕೊಪ್ಪಳವು ರಾಯಚೂರಿನಿಂದ ಬೇರ್ಪಟ್ಟು 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವುದಕ್ಕೆ ಮುಂಚೆ, ಆ ಬೇಡಿಕೆಯ ಮನವಿಪತ್ರವನ್ನು ಹೊತ್ತ ಯಾವುದೋ ನಿಯೋಗದ ಕಟ್ಟಕಡೆಯ ಸಾಲಿನಲ್ಲಿ ಆತನೂ ವಿಧಾನಸೌಧದ ಮೆಟ್ಟಿಲೇರಿದ್ದನು. ರಾತ್ರಿ ಶಾಸಕರ ಭವನದ ಕೋಣೆಯೊಂದರ ನೆಲದ ಮೇಲೆ, ಹತ್ತಾರು ಜನ ಮುಖಂಡರ ಕಾಲುಗಳ ನಡುವೆ, ನಿದ್ರಿಸಿದ್ದನು. ಜಿಲ್ಲೆಯಾಯಿತು, ರಾಜಧಾನಿಯ ವಿಷಯದಲ್ಲಿ ಮಾವನ ಮಾತು ವೇದವಾಕ್ಯವೆಂಬುದೂ ಆಗಲೇ ಸ್ಥಿರಪಟ್ಟಿತು.

ಈ ಪಾಂಡಿತ್ಯಕ್ಕೆ ಪ್ರಯೋಗದ ಅವಕಾಶ ಒದಗುವುದು ಅಕ್ಕನ ಮಗನಿಗೆ ನೌಕರಿ ಸಿಕ್ಕಾಗ. ಸಂವಿಧಾನದ 98ನೆಯ ತಿದ್ದುಪಡಿಯಿಂದ 371ಜೆ ವಿಧಿ ಬಂದು, ನಮ್ಮ ಭಾಗದ ಹುಡುಗರಿಗೆ ರಾಜ್ಯಮಟ್ಟದ ಕಚೇರಿಗಳಲ್ಲಿ ಕೂಡ ಶೇಕಡಾ 8ರಷ್ಟು ಹುದ್ದೆಗಳು ಮೀಸಲಾದುದು ಸರ್ವವಿದಿತವಾಗಿದೆ. ಆದರೆ ಆ ಹುದ್ದೆಯ ಕುರ್ಚಿಯಲ್ಲಿ ಹಗಲೆಲ್ಲ ಕುಳಿತವನು ರಾತ್ರಿ ಎಲ್ಲಿ ಮಲಗತಕ್ಕದ್ದು ಎಂಬ ವಿಷಯದಲ್ಲಿ ಸಂವಿಧಾನವು ಮೌನ ವಹಿಸಿದೆ. ಆ ಮೌನವನ್ನು ತುಂಬುವುದಕ್ಕಾಗಿಯೇ ಮಾವನು ಹಂಪಿ ಎಕ್ಸ್‌ಪ್ರೆಸ್ ಹತ್ತುತ್ತಾನೆ. ಒಂದು ಕೈಯಲ್ಲಿ ಬಿಳಿ ಅರಿವೆಯಲ್ಲಿ ಕಟ್ಟಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ. ಇನ್ನೊಂದರಲ್ಲಿ ಹತ್ತು ಕಿಲೋ ಸೋನಾ ಮಸೂರಿಯ ಚೀಲ. ಹಿಂದೆ ಬ್ಯಾಗು ಹೊತ್ತ ಅಳಿಯ.

ಮಾವಂದಿರಲ್ಲಿ ತಾಲೂಕುವಾರು ಭೇದಗಳುಂಟು. ಎಡದಂಡೆ ಕಾಲುವೆಯ ನೀರುಂಡ ಗಂಗಾವತಿಯ ಮಾವನು ಬಾಡಿಗೆಯ ಮೊತ್ತವನ್ನು ಕೇಳಿದೊಡನೆ ಅದನ್ನು ಭತ್ತದ ಚೀಲಗಳಿಗೆ ಪರಿವರ್ತಿಸುವನಾದ್ದರಿಂದ, ಆ ವರ್ಷ ಭತ್ತದ ದರ ಬಿದ್ದಿದ್ದರೆ ಬೆಂಗಳೂರಿನವರು ಬೇಕೆಂದೇ ಬಾಡಿಗೆ ಏರಿಸಿದರೆಂದು ಅವನಿಗೆ ತೋರುತ್ತದೆ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟು ಕೊಚ್ಚಿಹೋದ ವಾರ ಮನೆ ನೋಡಲು ಬಂದಿದ್ದ ಇಂಥವನೊಬ್ಬನು, “ನಮ್ಮ ನೀರೆಲ್ಲಾ ಹೊಳಿ ಪಾಲಾತ್ರಿ, ನೀವರೆ ಎರಡು ಸಾವಿರ ಬಿಡ್ರಿ” ಎಂದು ಮಾಲೀಕನಲ್ಲಿ ಅಹವಾಲು ಸಲ್ಲಿಸಿದುದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಮಳೆಯನ್ನೇ ನಂಬಿ ಬೇಸತ್ತ ಕುಷ್ಟಗಿಯ ಮಾವನಿಗೆ ಬಾಡಿಗೆ ಗೌಣ, ನೀರೊಂದೇ ಮುಖ್ಯ. ಯಲಬುರ್ಗಾದವನು ಹೆಚ್ಚು ಮಾತನಾಡುವವನಲ್ಲ, ಆದರೆ ನೋಡಿದ ಪ್ರತಿಯೊಂದು ಮನೆಯನ್ನೂ ನಿಟ್ಟುಸಿರೊಂದರಿಂದಲೇ ತಿರಸ್ಕರಿಸಬಲ್ಲನು. ಕೊಪ್ಪಳದವನು ಜಿಲ್ಲಾ ಕೇಂದ್ರದವನು. ಆತನಿಗೆ ಎಲ್ಲವೂ ಮೊದಲೇ ಗೊತ್ತಿರುತ್ತದೆ.

ನಾನು ಹತ್ತಿರದಿಂದ ಕಂಡವನು ಕುಷ್ಟಗಿಯ ಕಡೆಯವನು. ಅಳಿಯನು ಮೊಬೈಲಿನಲ್ಲಿ ಮನೆಗಳ ಚಿತ್ರಗಳನ್ನು ಒಂದಾದ ಮೇಲೊಂದು ಸರಿಸುತ್ತಿದ್ದಾಗ, “ಫೋಟೋದಾಗ ಎಲ್ಲಾ ಹೆಣ್ಣೂ ಚೆಂದನ ಇರ್ತಾವು” ಎಂದು ಅದನ್ನು ಕಿಸೆಗೆ ಹಾಕಿಸಿ, ವಿಜಯನಗರದ ಬದಿಯಲ್ಲಿ ನಮ್ಮ ಕಡೆಯವರದೊಂದು ಖಾನಾವಳಿಯನ್ನು ಹುಡುಕಿ, ಊಟಕ್ಕೆ ಕುಳಿತು, ಎರಡನೆಯ ರೊಟ್ಟಿ ಮುರಿಯುವಷ್ಟರಲ್ಲಿ ಚಂದ್ರಾ ಲೇಔಟಿನಿಂದ ನಾಗರಬಾವಿಯವರೆಗೆ ಎಲ್ಲೆಲ್ಲಿ ಟು-ಲೆಟ್ ಬೋರ್ಡು ತೂಗುತ್ತಿದೆಯೆಂಬುದನ್ನು ಬಡಿಸುವ ಹುಡುಗನಿಂದಲೇ ಆತನು ಸಂಗ್ರಹಿಸಿಬಿಟ್ಟನು. ಒಂದು ತಿಂಗಳ ಬಾಡಿಗೆಯನ್ನು ಕಮಿಷನ್ನಾಗಿ ಕೇಳಿದ ಬ್ರೋಕರನನ್ನು ಆತನು ಕೋಪದಿಂದಲ್ಲ, ಅನುಕಂಪದಿಂದ ನೋಡಿದನು. ಊರಿನ ಎಪಿಎಂಸಿಯ ದಲಾಲಿಯು ಕಮಿಷನ್ ಹಿಡಿಯುವುದು ನಿಜ, ಆದರೆ ಕಷ್ಟಕಾಲಕ್ಕೆ ಮುಂಗಡ ಸಾಲವನ್ನೂ ಮಗಳ ಮದುವೆಗೆ ಆಹೇರಿಯನ್ನೂ ಕೊಡುತ್ತಾನಲ್ಲ. ಇವನು ಒಂದು ಕಪ್ಪು ಚಹಾ ಸಹ ಕುಡಿಸಲಿಲ್ಲವೆಂಬುದು ಆತನ ಆಕ್ಷೇಪ.

ಸಿಕ್ಕ ಮನೆಯು 30×40ರ ನಿವೇಶನದ ಮೇಲೆ ನಾಲ್ಕಂತಸ್ತಾಗಿ ಎದ್ದು ನಿಂತಿತ್ತು. ಗುಂಟೆಯೆಂದರೆ 1,089 ಚದರ ಅಡಿ. ಈ ನಿವೇಶನ 1,200. ಮಾವನು ರಸ್ತೆಯ ಆಚೆಗೆ ನಿಂತು ಕಿಟಕಿಗಳನ್ನು ಎಣಿಸಿ, ಒಂದು ಗುಂಟೆಯ ಮೇಲೆ ಎಂಟು ಸಂಸಾರಗಳು ಬೆಳೆದಿರುವುದನ್ನು ಮನಗಂಡು, ತನ್ನ ಎರಿಹೊಲದ ಎಕರೆಗೆ ನಲವತ್ತು ಗುಂಟೆಯಾದರೆ ಅಲ್ಲಿ ಮುನ್ನೂರಿಪ್ಪತ್ತು ಸಂಸಾರಗಳ ಫಸಲು ಬರಬೇಕಾಗಿತ್ತೆಂದು ಲೆಕ್ಕ ಹಾಕಿ, ಕಡಲೆ ಬಿತ್ತಿ ಹಾಳಾದೆವೆಂಬ ಪಶ್ಚಾತ್ತಾಪದಿಂದಲೇ ಮೆಟ್ಟಿಲು ಹತ್ತಿದನು.

ಒಳಹೊಕ್ಕ ಮೇಲಿನ ಪರೀಕ್ಷೆಯಂತೂ ಎತ್ತಿನ ಸಂತೆಯಲ್ಲಿ ಜೋಡೆತ್ತಿನ ಹಲ್ಲು ನೋಡುವ ರೀತಿಯದೇ ಆಗಿತ್ತು. ಗೋಡೆಗೆ ಬೆರಳಿನಿಂದ ಕುಟ್ಟಿ ಕಿವಿಗೊಟ್ಟನು. ಹೊಸ ಬಣ್ಣದ ಕೆಳಗೆ ಹಳೆಯ ತೇವ ಹುದುಗಿರುವುದನ್ನು ಮೂಗಿನಿಂದಲೇ ಕಂಡುಹಿಡಿದನು. ನಲ್ಲಿಯನ್ನು ತಿರುವಿ, ನೀರನ್ನು ಬೊಗಸೆಯಲ್ಲಿ ಹಿಡಿದು, ನಾಲಿಗೆಗೆ ತಾಗಿಸಿ, “ಬೋರಿನದು” ಎಂದನು. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆಂದು ಮಾಲೀಕರು ಸಮಜಾಯಿಷಿ ಕೊಟ್ಟರು. “ನಾವು ದಿನಾ ಕುಡಿಯವ್ರು ಇದೀವ್ರಿ” ಎಂದನು ಮಾವ.

ಮಾಲೀಕರು ನಿವೃತ್ತರು, ಸಭ್ಯರು, ಬಾಡಿಗೆದಾರರನ್ನು ವಿಚಾರಿಸುವುದರಲ್ಲಿ ನುರಿತವರು. ಹುಡುಗ ಬ್ಯಾಚುಲರೇ, ಮಾಂಸಾಹಾರವುಂಟೇ, ತಾವು ಯಾವ ಜನ ಎಂಬ ಮೂರು ಪ್ರಶ್ನೆಗಳು ಕ್ರಮವಾಗಿ ಬಂದುವು. ಊರಲ್ಲಿ ಪಡಸಾಲೆಯ ಪಕ್ಕದ ಖೋಲಿಯನ್ನು ವರ್ಗವಾಗಿ ಬಂದ ಮಾಸ್ತರರಿಗೆ ಕೊಡುವಾಗ ಇವೇ ಪ್ರಶ್ನೆಗಳನ್ನು ಇನ್ನೂ ಬಿಚ್ಚುಮಾತಿನಲ್ಲಿ ಕೇಳಿದವನಾದ್ದರಿಂದ ಮಾವನಿಗೆ ಇವುಗಳಲ್ಲಿ ಯಾವ ವೈಚಿತ್ರ್ಯವೂ ಕಾಣಲಿಲ್ಲ. (ಮೂರನೆಯ ಪ್ರಶ್ನೆಗೆ ಇದ್ದುದನ್ನು ಇದ್ದಂತೆ ಹೇಳಿ, ಬಂದ ಮೆಟ್ಟಿಲನ್ನೇ ಇಳಿದುಹೋದವರು ಆ ಬೀದಿಯಲ್ಲಿ ಎಷ್ಟೋ ಜನ, ಅವರ ಸಂಗಡ ಬಂದ ಮಾವಂದಿರ ಚಾತುರ್ಯ ಪ್ರಯೋಜನಕ್ಕೆ ಬಾರದು, ಆ ಕಥೆ ಹಾಸ್ಯಕ್ಕೆ ಒದಗುವಂಥದೂ ಅಲ್ಲ.) ಉತ್ತರಗಳೆಲ್ಲ ಮುಗಿದ ಮೇಲೆ ಮಾಲೀಕರು ಮಾತು ಮುಗಿಯಿತೆಂದು ಏಳಲಿದ್ದರು, ಮಾವನು ಆಗಷ್ಟೇ ಚಕ್ಕಳಮಕ್ಕಳ ಹಾಕಿ ಸರಿಯಾಗಿ ಕುಳಿತನು.

ಮುಂಗಡವೆಷ್ಟು? ಬಾಡಿಗೆ 14,000, ಹತ್ತು ತಿಂಗಳದು, 1,40,000. ಬಿಡುವಾಗ ಪೇಂಟಿಂಗಿಗೆಂದು ಒಂದು ತಿಂಗಳದನ್ನು ಮುರಿದುಕೊಳ್ಳುವರು. ಕರಾರು ಹನ್ನೊಂದು ತಿಂಗಳಿಗೆ. ಏಕೆಂದರೆ ವರ್ಷ ಮೀರಿದ ಗುತ್ತಿಗೆಯನ್ನು 1908ರ ಕಾಯಿದೆಯಂತೆ ನೋಂದಣಿ ಮಾಡಿಸಬೇಕಾಗುತ್ತದೆ. “ಹನ್ನೆರಡನೇ ತಿಂಗಳಾ ನಮ್ಮ ಹುಡುಗ ಎಲ್ಲಿ ಮಲಗಬೇಕ್ರಿ?” ಎಂಬುದಕ್ಕೆ ಮಾಲೀಕರಲ್ಲಿ ಸಿದ್ಧ ಉತ್ತರವಿರಲಿಲ್ಲ. ಅಳಿಯನು, ಕೇಂದ್ರ ಸರಕಾರದ 2021ರ ಮಾದರಿ ಕಾಯಿದೆಯು ವಾಸದ ಮನೆಗೆ ಎರಡು ತಿಂಗಳ ಮುಂಗಡವನ್ನಷ್ಟೇ ಹೇಳುತ್ತದೆಂದು ತೊದಲಿದನು. ರಾಜ್ಯವು ತನ್ನದಾಗಿ ಮಾಡಿಕೊಂಡ ಹೊರತು ಆ ಕಾಯಿದೆಗೆ ಇಲ್ಲಿ ಬಲವಿಲ್ಲವೆಂಬುದನ್ನು ಬಲ್ಲ ಮಾಲೀಕರು ಮುಗುಳ್ನಕ್ಕರು. ಮಾವನು ಅಳಿಯನ ತೊಡೆಯನ್ನು ಮೆಲ್ಲನೆ ಒತ್ತಿ ಸುಮ್ಮನಿರಿಸಿ, ಕಾಯಿದೆಯನ್ನು ಬಿಟ್ಟು ಕುಟುಂಬಕ್ಕೆ ಬಂದನು.

“ಮಕ್ಕಳು ಎಷ್ಟು ಮಂದಿರೀ ಯಜಮಾನ್ರ?”

“ಒಬ್ಬನೇ ಮಗ. ಅಮೆರಿಕಾದಲ್ಲಿದ್ದಾನೆ.”

“ಭಾಳ ಚಲೋ ಆತು. ಸ್ವಂತ ಮನಿಯೇನ್ರಿ?”

“ಇಲ್ಲ, ಸದ್ಯಕ್ಕೆ ಬಾಡಿಗೆದೇ. ಅಲ್ಲಿ ತುಂಬಾ ದುಬಾರಿ ನೋಡಿ.”

“ಹೌದಹೌದು. ಅಡ್ವಾನ್ಸ್ ಎಷ್ಟು ತಿಂಗಳದು ಕೊಟ್ಟಾನ್ರಿ?”

ಮಾಲೀಕರು ಕನ್ನಡಕ ತೆಗೆದು ಒರೆಸತೊಡಗಿದರು. ಉತ್ತರವು ಒಳಗಿನಿಂದ, ಸತ್ಯವನ್ನು ಸಹಜವಾಗಿಯೇ ನುಡಿಯುವ ಅವರ ಪತ್ನಿಯಿಂದ ಬಂದಿತು: “ಒಂದೇ ತಿಂಗಳದು ಅಂದ್ನಲ್ರೀ!”

ಮಾವನು ಗೆದ್ದೆನೆಂದು ಬೀಗಲಿಲ್ಲ. “ಪಾಪ, ಪರದೇಶಿ ಹುಡುಗ, ಅಲ್ಲಿಯವರು ಕೈ ಹಿಡದಾರ” ಎಂದು ಅಲ್ಲಿಯ ಮಾಲೀಕರನ್ನು ಮನಸಾರೆ ಹರಸಿ, ಅರಿವೆಯ ಗಂಟನ್ನು ಬಿಚ್ಚಿ, ರೊಟ್ಟಿಯ ಮೇಲೆ ಚಟ್ನಿ ಹಾಕಿ ತಾಯಿಯವರ ಮುಂದಿಟ್ಟನು. ಅಕ್ಕಿಯ ಚೀಲವನ್ನು ಬಾಗಿಲ ಸಂದಿಗೆ ಸರಿಸಿದನು. ಮುಂಗಡವು ಹತ್ತರಿಂದ ಆರು ತಿಂಗಳಿಗೆ ಇಳಿದುದು ಯಾವ ಕ್ಷಣದಲ್ಲಿ ಎಂಬುದು ಅಲ್ಲಿದ್ದ ನನಗೇ ತಿಳಿಯಲಿಲ್ಲ.

ಹೊರಡುವಾಗ ತಾಯಿಯವರು ಅಕ್ಕಿಯನ್ನು ಅಂಗೈಯಲ್ಲಿ ತಿರುವಿ ನೋಡುತ್ತ, ಅಂಗಡಿಯದು ಇಷ್ಟು ಚೆನ್ನಾಗಿರುವುದಿಲ್ಲ, ಮಿಲ್ಲಿನ ದರದಲ್ಲೇ ತಿಂಗಳಿಗೊಂದು ಚೀಲ ಕಳಿಸಲು ಆದೀತೇ ಎಂದು ವಿಚಾರಿಸಿದರು.

“ಅದಕ್ಕೇನ್ರಿ ತಾಯಿ, ಗಂಗಾವತ್ಯಾಗ ನಮ್ಮ ಬೀಗರ ಮಿಲ್ಲೇ ಐತಿ, ಕಳಸ್ತೀನಿ” ಎಂದು ಮಾವನು ಚಪ್ಪಲಿ ಮೆಟ್ಟಿದನು. “ಅಡ್ವಾನ್ಸ್ ಹತ್ತು ತಿಂಗಳದು ಬ್ಯಾಡ. ನೀವು ಹೆಂಗ ಮಾಡೀರಿ, ಹಂಗ; ಆರು ತಿಂಗಳದು ಕೊಡ್ರಿ, ಸಾಕು.”