ಮರಿ ಜೆಸಿಬಿ ಸಾಕಣೆ

ಅಡಿಕೆ ಮರಕ್ಕೆ ನೀರು ಬೇಕು, ನೀರು ನಿಂತರೆ ಆಗದು. ಬೇಸಿಗೆಯಲ್ಲಿ ಕುಡಿಸಬೇಕು, ಮಳೆಗಾಲದಲ್ಲಿ ಬಸಿದು ಕಳಿಸಬೇಕು. ಹಾಗಾಗಿ ಮಲೆನಾಡಿನಲ್ಲಿ ತೋಟ ಇಟ್ಟುಕೊಂಡವನಿಗೆ ಬಸಿಗಾಲುವೆಯ ಹೂಳೆತ್ತುವುದು ತಪ್ಪಿದ್ದಲ್ಲ. ಗುದ್ದಲಿ ಹಿಡಿಯುವವರು ಸಿಗುವುದಿಲ್ಲ. ಸಿಕ್ಕವರು ಸೊಂಟ ಹಿಡಿದುಕೊಂಡೇ ಬರುತ್ತಾರೆ. ದೊಡ್ಡ ಜೆಸಿಬಿ ಕರೆಸೋಣವೆಂದರೆ ಅದರ ತೂಕ ಏಳು ಟನ್ನಿನ ಮೇಲೆ, ಅಗಲ ಏಳಡಿಯ ಆಸುಪಾಸು. ನಮ್ಮ ಮರಗಳ ನಡುವೆ ಇರುವುದು ಒಂಬತ್ತು ಅಡಿ. ಒಳಗೆ ಹೋಗುವುದೇನೋ ಹೋದೀತು, ತಿರುಗುವಾಗ ನಾಲ್ಕು ಮರ ಜತೆಗೆ ತಿರುಗುತ್ತವೆ. ಇದಕ್ಕೆಲ್ಲ ಪರಿಹಾರವೆಂದು ನಾನು ಹುಡುಕಿದ್ದು, ಹಿಂದುಗಡೆ ಬ್ಯಾಕ್‌ಹೋ ಕಟ್ಟಿದ, ನಾಲ್ಕಡಿ ಅಗಲ ದಾಟದ ಒಂದು ಸೆಕೆಂಡ್ ಹ್ಯಾಂಡ್ ಮಿನಿ ಟ್ರ್ಯಾಕ್ಟರ್.

ಹಳೇ ಗಾಡಿ ಮಾರುವವರೆಲ್ಲ ಒಂದೇ ಗುರುವಿನ ಹತ್ತಿರ ಪಾಠ ಹೇಳಿಸಿಕೊಂಡವರು. "ಸಿಂಗಲ್ ಓನರ್ ಸಾರ್, ಸ್ವಂತ ತೋಟಕ್ಕೆ ಬಿಟ್ರೆ ಹೊರಗೆ ಓಡಿಸಿದ್ದೇ ಇಲ್ಲ. ಮಗಳ ಮದುವೆ, ಅದಕ್ಕೇ ಕೊಡ್ತಿರೋದು." ಮಗಳ ಮದುವೆಯ ಕಾರಣವಿಲ್ಲದೆ ಈ ರಾಜ್ಯದಲ್ಲಿ ಒಂದಾದರೂ ಟ್ರ್ಯಾಕ್ಟರ್ ಕೈ ಬದಲಾಯಿಸಿದ್ದನ್ನು ನಾನು ಕಾಣೆ. ನಮಗೆ ಚಾ ತಂದುಕೊಟ್ಟವಳು ಅದೇ ಮಗಳು. ಅವಳ ಸೊಂಟದ ಮೇಲೆ ಒಂದು ಮಗು ಇತ್ತು.

ಜತೆಗೆ ಬಂದ ನಮ್ಮೂರ ಗ್ಯಾರೇಜಿನ ಮೇಸ್ತ್ರಿ ಚಾ ಮುಟ್ಟಲಿಲ್ಲ, ಸೀದಾ ಹೋಗಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟ. "ಕಾಯಿಸಿ ಇಟ್ಟಿದೀರಿ. ತಣ್ಣಗಾಗ್ಲಿ, ಆಮೇಲೆ ಸ್ಟಾರ್ಟ್ ಮಾಡಾಣ" ಅಂದ. ಬಿಸಿ ಡೀಸೆಲ್ ಎಂಜಿನ್ ಎಂಥದ್ದಾದರೂ ಒಂದೇ ಸೆಲ್ಫಿಗೆ ಎದ್ದು ಕೂರುತ್ತದೆ. ಬಂಡವಾಳ ಗೊತ್ತಾಗುವುದು ತಣ್ಣಗಿದ್ದಾಗ. ಬಿಳಿ ಹೊಗೆ ಬಂದು ಹೋದರೆ ಚಿಂತೆಯಿಲ್ಲ, ನೀಲಿ ಹೊಗೆ ನಿಲ್ಲದೇ ಬಂದರೆ ಎಂಜಿನ್ನು ಆಯಿಲ್ ಕುಡಿಯುತ್ತಿದೆ ಎಂದರ್ಥ. ನಮ್ಮದು ಬಿಳಿ ಬಿಟ್ಟು ಸುಮ್ಮನಾಯಿತು. ಮೀಟರಿನಲ್ಲಿ ತಾಸುಗಳು ಬಹಳ ಕಡಿಮೆ ಇದ್ದವು. ಕ್ಲಚ್ ಪೆಡಲಿನ ಸವೆದು ನುಣ್ಣಗಾದ ರಬ್ಬರು ಮಾತ್ರ ಬೇರೆ ಸಾಕ್ಷಿ ಹೇಳುತ್ತಿತ್ತು.

ಆಮೇಲೆ ಮೇಸ್ತ್ರಿ ಟವೆಲ್ ಹಾಸಿ ಗಾಡಿಯ ಅಡಿಗೆ ನುಗ್ಗಿದ. ಹೊಸಬರು ನೋಡದೇ ಬಿಡುವ ಜಾಗ ಅದು. ಬ್ಯಾಕ್‌ಹೋವನ್ನು ಬರೀ ಹಿಂದಿನ ಮೂರು ಲಿಂಕಿಗೆ ನೇತುಹಾಕಿದ್ದರೆ, ನೆಲ ಅಗೆಯುವ ಏಟೆಲ್ಲ ಗೇರ್‌ಬಾಕ್ಸಿನ ಬೀಡು ಕಬ್ಬಿಣದ ಮೇಲೆ ಬೀಳುತ್ತದೆ. ಬೀಡು ಬಗ್ಗುವ ಜಾತಿಯಲ್ಲ, ಸೀಳುವ ಜಾತಿ. ಟ್ರ್ಯಾಕ್ಟರ್ ನಡುಮಧ್ಯದಲ್ಲಿ ಎರಡು ಹೋಳಾಗುವುದು ಹೀಗೆ. ಅದಕ್ಕೇ ಮುಂದಿನ ಆಕ್ಸಲ್ ಕಡೆಯವರೆಗೂ ಹೋಗುವ ಒಂದು ಸಬ್‌ಫ್ರೇಮ್ ಇರಬೇಕು. ಇತ್ತು. ಬಿರುಕೂ ಕಾಣಲಿಲ್ಲ. ಮೇಸ್ತ್ರಿ ಎದ್ದು ಬಂದವನೇ ಬಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದ. ಆರು ವರ್ಷದ ಹುಡುಗನ ಮುಂದಿನ ಹಲ್ಲಿನ ಹಾಗೆ ಅಲ್ಲಾಡಿತು! ಬುಡದ ಪಿನ್ನಿನಲ್ಲಿ ಕೂದಲೆಳೆ ಸಡಿಲ, ಮೊಣಕೈಯ ಪಿನ್ನಿನಲ್ಲಿ ಇನ್ನಷ್ಟು, ಬಕೆಟ್ಟಿಗೆ ಬರುವಷ್ಟರಲ್ಲಿ ಎಲ್ಲ ಸೇರಿ ಒಂದು ಗೇಣು. ಮೇಸ್ತ್ರಿ ಪ್ರತಿ ಪಿನ್ನನ್ನೂ ಅಲ್ಲಾಡಿಸುತ್ತ ಪ್ರತಿ ಸಲವೂ ರೇಟು ಇಳಿಸುತ್ತ ಬಂದ. ಕೊನೆಯ ಪಿನ್ನಿಗೆ ಮಾಲೀಕರೇ, "ಸಾಕು ಮಾರಾಯ, ತಗೊಂಡು ಹೋಗಿ" ಅಂದರು.

ಸಿಂಗಲ್ ಓನರ್ ಅಂದದ್ದೂ ಪೂರ್ತಿ ಸುಳ್ಳಲ್ಲ. ಆರ್‌ಸಿ ಬುಕ್ಕಿನಲ್ಲಿ ಅವರ ಹೆಸರಿನ ಜತೆ ಸಾಲ ಕೊಟ್ಟ ಬ್ಯಾಂಕಿನ ಹೆಸರೊಂದು ಇತ್ತು, ಅಷ್ಟೇ. ಅದನ್ನು ತೆಗೆಸಲು ಫಾರಂ 35, ನನ್ನ ಹೆಸರಿಗೆ ಮಾಡಿಸಲು ಫಾರಂ 29 ಮತ್ತು 30. ಆರ್‌ಟಿಒ ಕಚೇರಿಯ ಕಥೆ ಎಲ್ಲರಿಗೂ ಗೊತ್ತಿರುವುದೇ, ಬಿಡಿ.

ಮನೆಗೆ ತಂದು ಬಿಚ್ಚಿದಾಗ ಪಿನ್ನುಗಳು ಸವೆದ ಕಾರಣ ಗೊತ್ತಾಯಿತು. ಮಾರಾಟಕ್ಕೆಂದು ಬಳಿದ ಹೊಸ ಬಣ್ಣದ ಕೆಳಗೆ ಹಳೇ ಬಣ್ಣ, ಅದರ ಕೆಳಗೆ ಮಣ್ಣು, ಮಣ್ಣಿನ ಕೆಳಗೆ ಗ್ರೀಸ್ ನಿಪ್ಪಲ್. ಗ್ರೀಸಿಗೆ ಒಳಗೆ ಹೋಗಲು ಬಾಗಿಲೇ ಇರಲಿಲ್ಲ. ಲೇತಿನವನು ಹೊಸ ಪಿನ್ನು, ಬುಶ್ಶು ಕಡೆದುಕೊಟ್ಟ. ಸಿಲಿಂಡರುಗಳ ಸೀಲು, ಓ-ರಿಂಗುಗಳದ್ದೇ ಗೋಳು: ಅಂಗಡಿಯವನು ಹಳೆಯದನ್ನು ಎಳೆದು ನೋಡಿ "ಇದು ಸಾರ್" ಅನ್ನುತ್ತಾನೆ, ಹಾಕಿದರೆ ಆಯಿಲ್ ಜಿನುಗುತ್ತದೆ. ನನ್ನ ಒದ್ದಾಟ ನೋಡಲಾರದೆ ಇವಳು ಒಂದು ದಿನ ಕುಕ್ಕರಿನ ಹಳೇ ಗ್ಯಾಸ್ಕೆಟ್ ತಂದುಕೊಟ್ಟಳು. ಕುಕ್ಕರು ಸೀಟಿ ಹೊಡೆಯುವುದು ಒಂದು ಬಾರ್ ಒತ್ತಡಕ್ಕೆ, ಇದರೊಳಗೆ 150 ಬಾರಿನ ಆಸುಪಾಸು ಇರುತ್ತದೆ ಎಂದು ವಿವರಿಸಿದೆ.

"ಹಾಗಾದ್ರೆ ಇದು ಯಾವಾಗ ಸೀಟಿ ಹೊಡಿಯತ್ತೆ?"

ಮಾರನೇ ದಿನವೇ ಹೊಡೆಯಿತು. ಹೋಸ್ ಪೈಪಿನಲ್ಲೊಂದು ಸೂಜಿಮೊನೆಯ ತೂತು. ಎಲ್ಲಿ ಎಂದು ತಡಕಲು ನಾನು ಕೈ ಚಾಚಿದ್ದೇ ತಡ, ಮೇಸ್ತ್ರಿ ಕೈಗೆ ಫಟ್ ಎಂದು ಹೊಡೆದ. ಆ ಒತ್ತಡದ ಆಯಿಲ್ ಚರ್ಮ ತೂರಿ ಮಾಂಸದೊಳಗೆ ಹೋಗುತ್ತದಂತೆ. ಹೊರಗೆ ಕಾಣುವುದು ಒಂದು ಚುಕ್ಕಿ, ಆಮೇಲೆ ಆಪರೇಷನ್ನೇ ಗತಿ. ಸೋರುವ ಜಾಗ ಹುಡುಕಲು ರಟ್ಟಿನ ತುಂಡು ಹಿಡಿಯಬೇಕು. ಅಂದಿನಿಂದ ನಮ್ಮ ಮನೆಗೆ ಬರುವ ಬಿಸ್ಕೆಟ್ ಡಬ್ಬದ ರಟ್ಟೊಂದೂ ಒಲೆಗೆ ಹೋಗಿಲ್ಲ.

ಜೆಸಿಬಿ ಅಗೆಯುವುದನ್ನು ನಿಂತು ನೋಡುವ ನಮ್ಮ ಜನರ ಚಟ 2019ರಲ್ಲಿ ದೇಶಕ್ಕೆಲ್ಲ ತಮಾಷೆಯ ವಸ್ತುವಾಗಿತ್ತು. ಅದರಲ್ಲಿ ಅತಿಶಯೋಕ್ತಿ ಏನೂ ಇಲ್ಲ. ಮೊದಲ ದಿನ ನಮ್ಮ ತೋಟದ ದಣಪೆಯ ಮೇಲೆ ಕೂತವರ ಪೈಕಿ ಗುದ್ದಲಿ ಕೆಲಸಕ್ಕೆ ಸೊಂಟನೋವೆಂದು ಬಾರದವರೂ ಇದ್ದರು. "ಎಡಗಡೆ ಲಿವರ್ ಎಳೀರಿ ಹೆಗಡೇರೆ!" ಎಂದು ಅವರೇ ಹೆಚ್ಚು ಕೂಗಿದರು. ಎಡಗಡೆಯದನ್ನು ಎಳೆದೆ. ಬಕೆಟ್ಟು ಬಲಗಡೆಯ ಕೊಕ್ಕೋ ಗಿಡದ ಕಡೆ ಹೋಯಿತು. ಲಿವರುಗಳ ಮಹಿಮೆ ಕೈಗೆ ಹತ್ತಲು ಸ್ವಲ್ಪ ಕಾಲ ಬೇಕು, ಕೊಕ್ಕೋ ಗಿಡಕ್ಕೂ ಚಿಗುರಲು ಅಷ್ಟೇ ಕಾಲ ಬೇಕಾಯಿತು.

ಈಗ ಕಾಲುವೆಗಳು ಸರಿಯಾಗಿವೆ, ನೀರು ಬಸಿಯುತ್ತಿದೆ. ಊರವರು ಒಬ್ಬೊಬ್ಬರೇ "ನಿಮ್ಮ ಮರಿ ಜೆಸಿಬಿ ಒಂದಿನ ಬೇಕಿತ್ತಲ್ಲ" ಎಂದು ಬರುತ್ತಿದ್ದಾರೆ. ಕೇಳುವವರು ಮೇ ತಿಂಗಳೊಳಗೆ ಕೇಳಿ. ಡೀಸೆಲ್ ನಿಮ್ಮದು, ಗ್ರೀಸೂ ನಿಮ್ಮದು. ವಾಪಸ್ ತಂದಾಗ ಪಿನ್ನು ಒಂದೊಂದನ್ನೂ ಅಲ್ಲಾಡಿಸಿ ನೋಡಿಯೇ ಒಳಗೆ ಬಿಟ್ಟುಕೊಳ್ಳುತ್ತೇನೆ.