ಊರು ತೋರಿಸುವ ರಾಯರು

ಜಯನಗರದ ಯಾವ ಬ್ಲಾಕ್ ಆದರೂ ಸರಿ, ಯಾವ ಅಡ್ಡರಸ್ತೆಯಾದರೂ ಸರಿ, ಗೇಟಿನ ಮೇಲೆ ಹೊಂಗೆ ಮರ ಬಾಗಿರುವ ಒಂದು ಹಳೇ ಮನೆ ಇದ್ದೇ ಇರುತ್ತದೆ. ಆ ಮನೆಯಲ್ಲಿ ನಿವೃತ್ತರಾದ ಒಬ್ಬ ರಾಯರೂ ಇದ್ದೇ ಇರುತ್ತಾರೆ. ನಿವೃತ್ತಿಯ ಮೇಲೆ ಕೆಲವು ರಾಯರು ಷೇರು ಪೇಟೆಗೆ ಬೀಳುತ್ತಾರೆ, ಕೆಲವರು ವೇದಾಂತಕ್ಕೆ, ಇನ್ನು ಕೆಲವರು ನಿವಾಸಿಗಳ ಸಂಘದ ಕಾರ್ಯದರ್ಶಿ ಪದವಿಗೆ. ನಾನು ಹೇಳಹೊರಟವರು ಇವು ಮೂರನ್ನೂ ತಪ್ಪಿಸಿಕೊಂಡು ಊರು ತೋರಿಸುವ ಕೆಲಸಕ್ಕೆ ಬಿದ್ದವರು. ಮನೆಗೆ ನೆಂಟರು ಬರುತ್ತಾರೆಂದರೆ ಹೆಂಡತಿಗೆ ಹುಳಿಗೆ ಯಾವ ತರಕಾರಿ ಎಂಬ ಚಿಂತೆ. ರಾಯರಿಗೆ ಮೊದಲು ಯಾವ ಕಲ್ಲು ಎಂಬ ಚಿಂತೆ.

ಇವರನ್ನು ಗುರುತು ಹಿಡಿಯುವುದು ಸುಲಭ. ತಲೆಗೆ ಯಾವುದೋ ಬ್ಯಾಂಕಿನ ವಾರ್ಷಿಕೋತ್ಸವದಲ್ಲಿ ಕೊಟ್ಟ ಟೋಪಿ, ಕಾಲಿಗೆ ಬಿಳಿ ಕ್ಯಾನ್ವಾಸ್ ಷೂ, ಹೆಗಲಿಗೆ ಬಟ್ಟೆ ಚೀಲ. ಚೀಲದಲ್ಲಿ ನೀರಿನ ಬಾಟಲಿ, ಭೂತಗನ್ನಡಿ, ಮಡಿಕೆ ಮಡಿಕೆಯಲ್ಲೂ ಹರಿದ ಪತ್ರಿಕೆಯ ತುಣುಕುಗಳು. ಕೈಯಲ್ಲಿ ಕೊಡೆ. ಮಳೆ ಬಂದರೂ ಆ ಕೊಡೆ ಬಿಚ್ಚುವುದಿಲ್ಲ. ಅದು ಶಾಸನದ ಸಾಲು ತೋರಿಸುವುದಕ್ಕೆ, ಫಲಕದ ಮೇಲೆ ಅಂಟಿಸಿದ ‘ಪಿಜಿ ಫಾರ್ ಜೆಂಟ್ಸ್’ ಚೀಟಿ ಕೆರೆಯುವುದಕ್ಕೆ, ಅಗತ್ಯ ಬಿದ್ದರೆ ನಾಯಿ ಓಡಿಸುವುದಕ್ಕೆ.

ಪ್ರವಾಸ ಶುರುವಾಗುವುದು ಮನೆಗೆ ಹತ್ತಿರದ ಅಶೋಕ ಸ್ತಂಭದಿಂದ. ದಿನಾ ಸಾವಿರಾರು ಜನ ಅದನ್ನು ಸುತ್ತಿ ಹೋಗುತ್ತಾರೆ, ‘ಅಶೋಕ ಪಿಲ್ಲರ್ ಹತ್ರ ಇದೀನಿ’ ಎಂದು ಫೋನಿನಲ್ಲಿ ಹೇಳುತ್ತಾರೆ, ತಲೆ ಎತ್ತಿ ನೋಡಿದವರು ಕಮ್ಮಿ. ರಾಯರು ಅತಿಥಿಗಳನ್ನು ಅಲ್ಲಿ ನಿಲ್ಲಿಸಿ ಮೊದಲ ಪ್ರಶ್ನೆ ಎಸೆಯುತ್ತಾರೆ: “ಮೇಲೆ ಎಷ್ಟು ಸಿಂಹ?”

“ಮೂರು, ಭಾವ.”

ರಾಯರ ಮುಖ ಅರಳುತ್ತದೆ. ಈ ತಪ್ಪು ಉತ್ತರಕ್ಕಾಗಿಯೇ ಅವರು ಬೆಳಗಿನಿಂದ ಕಾದಿರುತ್ತಾರೆ. “ನಾಲ್ಕು! ಒಂದು ಯಾವಾಗಲೂ ಹಿಂದಿರುತ್ತೆ. ಬನ್ನಿ, ತೋರಿಸ್ತೀನಿ” ಎಂದು ಎಲ್ಲರನ್ನೂ ರಸ್ತೆ ದಾಟಿಸುತ್ತಾರೆ. ಆಚೆ ಹೋದರೆ ಆ ನಾಲ್ಕನೆಯದು ಕಾಣುತ್ತದೆ, ಮೊದಲು ಕಂಡಿದ್ದರಲ್ಲಿ ಒಂದು ಮರೆಯಾಗುತ್ತದೆ. ಲೆಕ್ಕ ಮತ್ತೆ ಮೂರಕ್ಕೇ ನಿಲ್ಲುತ್ತದೆ. ಅತ್ತ ಬಿಎಂಟಿಸಿ ಹಾರನ್, ಇತ್ತ ಆಟೋದವನ ಆಶೀರ್ವಾದ. ನಡುವೆ ರಾಯರ ದನಿ: “1948ರಲ್ಲಿ ಗವರ್ನರ್ ಜನರಲ್ ಆಗಿದ್ದ ರಾಜಾಜಿ ಈ ಬಡಾವಣೆಗೆ ಅಡಿಗಲ್ಲು ಹಾಕಿದ್ರು. ಜಯಚಾಮರಾಜೇಂದ್ರ ಒಡೆಯರ ಹೆಸರಲ್ಲಿ ಜಯನಗರ. ಆಗ ಇಲ್ಲಿಗೆ ಬರೋಕೆ ಜನ ಹೆದರ್ತಿದ್ರಂತೆ, ಊರಾಚೆ ಅಂತ.” ಈಗಲೂ ಹೆದರಬೇಕಾದದ್ದೇ, ಕಾರಣ ಮಾತ್ರ ಬೇರೆ ಎಂದು ರಸ್ತೆ ಮಧ್ಯೆ ಸಿಕ್ಕಿಬಿದ್ದ ಅತ್ತಿಗೆಗೆ ಅನಿಸಿರುತ್ತದೆ.

ಅಲ್ಲಿಂದ ಲಾಲ್‌ಬಾಗ್. ನೆಂಟರಿಗೆ ಗುಲಾಬಿ ತೋಟ ಬೇಕು, ಗಾಜಿನ ಮನೆಯ ಮುಂದೆ ಫೋಟೊ ಬೇಕು. ರಾಯರು ಅದಕ್ಕೆಲ್ಲ ‘ಆಮೇಲೆ’ ಎಂದು ಹೇಳಿ ನೇರ ಬಂಡೆ ಹತ್ತಿಸುತ್ತಾರೆ. ಏದುಸಿರು ಬಿಡುತ್ತಾ ಅತ್ತಿಗೆ ಕೂತರೆ, “ಎಲ್ಲಿ ಕೂತಿದೀರಿ ಗೊತ್ತೇನಮ್ಮಾ? ಸುಮಾರು ಮುನ್ನೂರು ಕೋಟಿ ವರ್ಷದ ಮೇಲೆ ಕೂತಿದೀರಿ!” ಎನ್ನುತ್ತಾರೆ. ಅತ್ತಿಗೆ ಗಾಬರಿಯಾಗಿ ಎದ್ದು ಸೀರೆ ಕೊಡವಿಕೊಳ್ಳುತ್ತಾರೆ. ಭೂವಿಜ್ಞಾನ ಸರ್ವೇಕ್ಷಣೆಯವರು ಈ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದ್ದಾರೆ. ಆ ಫಲಕವನ್ನು ರಾಯರು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದುತ್ತಾರೆ. ಬೇರೆ ಜೋಡಿಗಳು ಅದರ ನೆರಳಲ್ಲಿ ಕೂತಿದ್ದರೆ ಅವರಿಗೂ ಸೇರಿಸಿಯೇ ಓದುತ್ತಾರೆ.

ಬಂಡೆಯ ಮೇಲೆ ಕೆಂಪೇಗೌಡರ ಗೋಪುರ. ಇಂಥವು ನಾಲ್ಕು: ಇಲ್ಲೊಂದು, ಕೆಂಪಾಂಬುಧಿ ಕೆರೆಯ ಬಳಿ ಒಂದು, ಹಲಸೂರು ಕೆರೆಯ ಬಳಿ ಒಂದು, ಮೇಖ್ರಿ ವೃತ್ತದ ಹತ್ತಿರ ಒಂದು. ಊರು ಈ ಗಡಿ ದಾಟಿ ಬೆಳೆದರೆ ಅನಾಹುತವಾಗುತ್ತದೆಂದು ಹಿಂದಿನವರು ಹೇಳುತ್ತಿದ್ದರಂತೆ. “ಹಾಗಾದರೆ ನಿಮ್ಮ ಮನೆ ಒಳಗೋ ಆಚೆಗೋ, ಭಾವ?” ಎಂದು ಮೈದುನ ಕೇಳುತ್ತಾರೆ. ರಾಯರು ಕೊಡೆಯನ್ನು ದಕ್ಷಿಣಕ್ಕೆ ಚಾಚುತ್ತಾರೆ. “ಜಯನಗರ ಪೂರ್ತಿ ಆಚೆಗೇ. ಜೆ.ಪಿ. ನಗರ ಇನ್ನೂ ಆಚೆಗೆ. ಅನಾಹುತ ಆಗಿದೆಯೋ ಇಲ್ಲವೋ, ಸಂಜೆ ಆರು ಗಂಟೆಗೆ ಬನಶಂಕರಿ ಬಸ್ ಸ್ಟ್ಯಾಂಡ್ ಎದುರು ನಿಂತು ನೀವೇ ಹೇಳಿ.”

ಇಳಿದು ಬಂದರೆ ಕುದುರೆ ಏರಿದ ಚಾಮರಾಜೇಂದ್ರ ಒಡೆಯರು. ಇಲ್ಲಿ ಪ್ರತಿ ಸಲವೂ ಯಾವನಾದರೊಬ್ಬ ಹುಡುಗ ವಾಟ್ಸಾಪ್ ಪಾಂಡಿತ್ಯ ತೆಗೆಯುತ್ತಾನೆ: “ದೊಡ್ಡಪ್ಪ, ಕುದುರೆ ಎರಡೂ ಕಾಲು ಎತ್ತಿದ್ರೆ ಯುದ್ಧದಲ್ಲಿ ಸತ್ತ ಅಂತ, ಒಂದು ಕಾಲು ಎತ್ತಿದ್ರೆ ಗಾಯದಿಂದ ಸತ್ತ ಅಂತ, ಅಲ್ವಾ?” ರಾಯರು ಕನ್ನಡಕ ತೆಗೆದು ಒರೆಸುತ್ತಾರೆ. ಯಾರಿಗಾದರೂ ಕಾದಿದೆ ಎಂಬುದಕ್ಕೆ ಅದೇ ಸೂಚನೆ. “ಚಾಮರಾಜೇಂದ್ರ ಒಡೆಯರು ತೀರಿಕೊಂಡಿದ್ದು 1894ರಲ್ಲಿ, ಕಲ್ಕತ್ತಾದಲ್ಲಿ, ಡಿಫ್ತೀರಿಯಾದಿಂದ. ಈಗ ಹೇಳಪ್ಪ, ಡಿಫ್ತೀರಿಯಾಕ್ಕೆ ಕುದುರೆ ಯಾವ ಕಾಲು ಎತ್ತಬೇಕು?” ಹುಡುಗ ಫೋನು ಜೇಬಿಗೆ ಹಾಕಿಕೊಳ್ಳುತ್ತಾನೆ. ಆ ದಿನ ಅವನು ಮತ್ತೆ ಬಾಯಿ ಬಿಡುವುದು ಊಟಕ್ಕೇ.

ಊಟದ ಮಾತು ಬಂತು. ಲಾಲ್‌ಬಾಗಿನಿಂದ ಹೊರಬಿದ್ದ ಮೇಲೆ ಎಂಟಿಆರ್ ಕಡೆ ತಿರುಗುತ್ತಾರೇನೋ ಎಂದು ನೆಂಟರ ಆಸೆ. ರಾಯರು ತಿರುಗುವುದೇನೋ ತಿರುಗುತ್ತಾರೆ. “1924ರಿಂದ ನಡೆದು ಬಂದಿರೋ ಸಂಸ್ಥೆ. ಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆ ಇಡ್ಲಿ ಹುಟ್ಟಿದ್ದು ಇಲ್ಲೇ” ಎಂದು ಕೊಡೆಯಿಂದಲೇ ತೋರಿಸಿ, ಒಳಗೆ ಕಾದಿರುವವರ ಸಂಖ್ಯೆ ನೋಡಿ, ಮುಂದೆ ನಡೆಯುತ್ತಾರೆ. ಹುಬ್ಬಳ್ಳಿಯಿಂದ ಬಂದ ಬೀಗರೊಬ್ಬರು ಇಲ್ಲಿ ತಡೆಯಲಾರದೆ ಅಂದಿದ್ದುಂಟು: “ರಾಯರ, ಕಲ್ಲು ಭಾಳ ನೋಡಿದ್ವಿ. ಇನ್ನ ಅನ್ನ ನೋಡೂಣು ನಡೀರಿ.”

ಅನ್ನಕ್ಕೂ ಮೊದಲು ಕೋಟೆ. ಕೃಷ್ಣರಾಜ ಮಾರುಕಟ್ಟೆಯ ಪಕ್ಕ ಉಳಿದಿರುವ ಒಂದು ತುಂಡು ಕೋಟೆಯನ್ನು ನೋಡಿ “ಇಷ್ಟೇನಾ?” ಎನ್ನದ ಅತಿಥಿಯಿಲ್ಲ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಮಣ್ಣಿನ ಕೋಟೆ, 1761ರಲ್ಲಿ ಹೈದರಾಲಿ ಕಲ್ಲಿನಲ್ಲಿ ಬಲಪಡಿಸಿದ್ದು, 1791ರ ಮಾರ್ಚ್ 21ರಂದು ಕಾರ್ನ್‌ವಾಲಿಸ್‌ನ ಸೈನ್ಯ ಒಡೆದು ನುಗ್ಗಿದ್ದು, ಇಷ್ಟನ್ನೂ ರಾಯರು ಹೂವಿನ ಮೂಟೆಗಳಿಗೆ ದಾರಿ ಬಿಡುತ್ತಾ ಬಿಡುತ್ತಾ ಹೇಳಿ ಮುಗಿಸುತ್ತಾರೆ. ನುಗ್ಗಿದ ಜಾಗಕ್ಕೆ ಬ್ರಿಟಿಷರು ಒಂದು ಫಲಕ ಹಾಕಿಸಿದ್ದಾರೆ. ಅದರ ಮುಂದೆ ರಾಯರ ಟಿಪ್ಪಣಿ ಒಂದೇ: “ಗೋಡೆ ಒಡೆದವರಿಗೆ ಫಲಕ ಇದೆ ನೋಡಿ. ಕಟ್ಟಿದ ಒಡ್ಡರಿಗೆ ಇಲ್ಲ.”

ಕಬ್ಬನ್ ಪಾರ್ಕಿಗೆ ಮೆಟ್ರೊದಲ್ಲಿ ಹೋಗುವುದು. ಅಲ್ಲಿ ರಾಯರ ಒಲವು ವಿಕ್ಟೋರಿಯಾ ರಾಣಿಗಿಂತ ಮಾರ್ಕ್ ಕಬ್ಬನ್ ಮೇಲೆ. ರಾಣಿಯ ಅಮೃತಶಿಲೆಯ ಪ್ರತಿಮೆಯನ್ನು 1906ರಲ್ಲಿ ವೇಲ್ಸ್ ರಾಜಕುಮಾರ, ಅಂದರೆ ಮುಂದೆ ಐದನೆಯ ಜಾರ್ಜ್ ಆದವನು, ಬಂದು ಅನಾವರಣ ಮಾಡಿ ಹೋದ. ಅಂದಿನಿಂದ ಅವಳು ಅಲುಗಾಡಿಲ್ಲ. ಕಬ್ಬನ್ ಪಾಡು ಬೇರೆ. ಮೈಸೂರಿನ ಕಮಿಷನರ್ ಆಗಿ 1834ರಿಂದ 1861ರವರೆಗೆ ಆಳಿದ ಆತನ ಕುದುರೆ ಪ್ರತಿಮೆ ಮೊದಲು ಪರೇಡ್ ಮೈದಾನದಲ್ಲಿತ್ತು, ಆಮೇಲೆ ಅಠಾರಾ ಕಚೇರಿಯ ಆವರಣಕ್ಕೆ ಬಂತು, 2020ರಲ್ಲಿ ಅಲ್ಲಿಂದಲೂ ಎತ್ತಿ ಪಾರ್ಕಿನೊಳಗೆ ಬ್ಯಾಂಡ್‌ಸ್ಟ್ಯಾಂಡ್ ಬಳಿ ತಂದಿಟ್ಟರು. ಸೇವಾವಧಿಯಲ್ಲಿ ಸುರಪುರದಿಂದ ಸುಳ್ಯದವರೆಗೆ ಎಲ್ಲ ಶಾಖೆಗಳಲ್ಲೂ ಕೂತು ಎದ್ದ ರಾಯರಿಗೆ ಇಲ್ಲಿ ಕರುಳು ಚುರುಕ್ ಎನ್ನುತ್ತದೆ. “ಸತ್ತ ಮೇಲೂ ವರ್ಗಾವಣೆ ತಪ್ಪಲಿಲ್ಲ ನೋಡಿ ಪಾಪ. ಟಿಎ ಡಿಎ ಕೂಡ ಇಲ್ಲ.”

ರಾಯರ ಇನ್ನೊಂದು ಮೆಚ್ಚಿನ ಕಥೆ ಹಲಸೂರಿನದು. ಅಲ್ಲಿ ತಿರುವಳ್ಳುವರ್ ಪ್ರತಿಮೆ 1991ರಿಂದ ಹದಿನೆಂಟು ವರ್ಷ ಮುಸುಕಿನೊಳಗೇ ಇತ್ತು. ಕೊನೆಗೆ ಎರಡೂ ರಾಜ್ಯದವರು ಬೀಗರು ಕೂತು ಮಾತಾಡಿದಂತೆ ಮಾತಾಡಿ ಕೊಟ್ಟು ತರುವ ಸಂಬಂಧ ಕುದುರಿಸಿದರು: 2009ರ ಆಗಸ್ಟ್ 9ರಂದು ಇಲ್ಲಿ ವಳ್ಳುವರ್, ಅದೇ ವಾರ 13ರಂದು ಚೆನ್ನೈನ ಅಯನಾವರದಲ್ಲಿ ನಮ್ಮ ಸರ್ವಜ್ಞ. “ಲೋಕದವರ ಡೊಂಕೆಲ್ಲ ಬಾಯಿ ಬಿಟ್ಟು ಹೇಳಿದ ಇಬ್ಬರು ಕವಿಗಳು. ಅವರ ಪ್ರತಿಮೆ ನಿಲ್ಲಿಸೋಕೆ ನಾವು ತಗೊಂಡಿದ್ದು ಹದಿನೆಂಟು ವರ್ಷ” ಎಂದು ರಾಯರು ನಿಟ್ಟುಸಿರು ಬಿಡುತ್ತಾರೆ.

ದಾರಿಯಲ್ಲಿ ಸಿಗುವ ವೃತ್ತದ ಪ್ರತಿಮೆಗಳ ಬಗ್ಗೆ ಮಾತ್ರ ಅವರ ಮಾತು ಖಾರ. ಎದೆಮಟ್ಟದ ಪ್ರತಿಮೆ, ಸುತ್ತ ಕಬ್ಬಿಣದ ಕಂಬಿ, ಮೇಲೊಂದು ತಗಡಿನ ಛತ್ರಿ, ನವೆಂಬರ್ ಬಂದರೆ ಬಂಗಾರದ ಬಣ್ಣದ ಹೊಸ ಲೇಪ. ವರ್ಷ ವರ್ಷ ಬಳಿದ ಬಣ್ಣಕ್ಕೆ ಮೂಗು ಕರಗಿ, ಮೀಸೆ ಮುಚ್ಚಿ, ಯಾರು ಯಾರೆಂದು ತಿಳಿಯದ ಹಂತಕ್ಕೆ ಬಂದಿರುತ್ತವೆ. ಬನಶಂಕರಿ ಕಡೆಯ ಒಂದು ವೃತ್ತದಲ್ಲಿ ರಾಯರು ಭೂತಗನ್ನಡಿ ಹಿಡಿದು ನೋಡಿ, ಗುರುತು ಹತ್ತದೆ, ಪಕ್ಕದ ಎಳನೀರಿನವನನ್ನು ಕೇಳಿದರು. ಅವನು ಮಚ್ಚು ಎತ್ತಿದವನು ಹಾಗೇ ನಿಂತು, ಪ್ರತಿಮೆಯನ್ನು ಮೊದಲ ಸಲ ನೋಡುವವನ ಥರ ನೋಡಿ, “ಯಾರೋ ದೊಡ್ಡೋರೇ ಇರ್ಬೇಕು ಸಾರ್, ವರ್ಷಕ್ಕೊಂದ್ಸಲ ಅನ್ನಸಂತರ್ಪಣೆ ಮಾಡ್ತಾರೆ” ಎಂದ. ಕೆಳಗಿನ ಕಲ್ಲಿನಲ್ಲಿ ನೋಡಿದರೆ ಸಚಿವರು, ಶಾಸಕರು, ಪಾಲಿಕೆ ಸದಸ್ಯರು, ಉಪಸ್ಥಿತರು ಎಲ್ಲರ ಹೆಸರೂ ದಪ್ಪ ಅಕ್ಷರದಲ್ಲಿ. ಪ್ರತಿಮೆಯವರ ಹೆಸರಿನ ಮೇಲೆ ಹಾರದ ದಾರ ಒಣಗಿ ಅಂಟಿತ್ತು. ರಸ್ತೆ, ಪಾದಚಾರಿ ಮಾರ್ಗಗಳಲ್ಲಿ ಹೊಸ ಪ್ರತಿಮೆಗೆ ಅನುಮತಿ ಕೊಡಕೂಡದೆಂದು 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಸುದ್ದಿಯ ತುಣುಕು ಚೀಲದಲ್ಲಿ ಸದಾ ಇರುತ್ತದೆ. ಅದನ್ನು ತೆಗೆದು ಎಳನೀರಿನವನಿಗೇ ಓದಿ ಹೇಳಿದರು. ಅವನು ಕೊಂಚ ಗಂಜಿ ಜಾಸ್ತಿ ಇರುವ ಕಾಯಿ ಆರಿಸಿ ಕೊಟ್ಟ.

ನೆಂಟರು ತಾವಾಗಿಯೇ ಕೇಳುವ ಪ್ರತಿಮೆ ಒಂದೇ, ವಿಮಾನ ನಿಲ್ದಾಣದ ಕೆಂಪೇಗೌಡರದು. 2022ರ ನವೆಂಬರ್ 11ರಂದು ಅನಾವರಣವಾದದ್ದು, 108 ಅಡಿ, ರಾಮ್ ಸುತಾರ್ ರೂಪಿಸಿದ್ದು, ಕತ್ತಿಯೊಂದೇ ನಾಲ್ಕು ಟನ್. ಅಂಕಿ ಅಂಶವೆಲ್ಲ ರಾಯರ ನಾಲಿಗೆ ತುದಿಯಲ್ಲಿದೆ, ಹೋಗುವ ಮನಸ್ಸಿಲ್ಲ. “ಜಯನಗರದಿಂದ ಅಲ್ಲಿಗೆ ಟ್ಯಾಕ್ಸಿಗೆ ಕೊಡೋ ದುಡ್ಡಲ್ಲಿ ಅವರದೇ ನಾಲ್ಕು ಗೋಪುರ ತೋರಿಸಿ ಮಸಾಲೆ ದೋಸೆ ಕೊಡಿಸ್ತೀನಿ” ಎನ್ನುತ್ತಾರೆ. ಮಸಾಲೆ ದೋಸೆ ಎಂಬ ಪದ ಕೇಳಿದ ಕೂಡಲೇ ನೆಂಟರು ಗೋಪುರಕ್ಕೆ ಒಪ್ಪುತ್ತಾರೆ.

ಬಿಟಿಎಂ ಬಡಾವಣೆಯ ಪಿಜಿಯಲ್ಲಿರುವ ಸಾಫ್ಟ್‌ವೇರ್ ತಮ್ಮನ ಮಗ ಭಾನುವಾರ ಊಟಕ್ಕೆಂದು ಬಂದು ಸಿಕ್ಕಿಬಿದ್ದರೆ ಅವನಿಗೆ ವಿಶೇಷ ಪಾಠ. ಅವನ ಪಿಜಿಯ ಸಮೀಪದ ಮಡಿವಾಳದ ಸೋಮೇಶ್ವರ ದೇವಸ್ಥಾನಕ್ಕೇ ಎಳೆದೊಯ್ದು, ಗೋಡೆಯ ಮೇಲಿನ ತಮಿಳು ಶಾಸನ ತೋರಿಸುತ್ತಾರೆ. “1247ನೇ ಇಸವಿ. ದೇವರಿಗೆ ಭೂಮಿ ಬಿಟ್ಟ ದಾಖಲೆ, ಕಲ್ಲಲ್ಲಿ. ನೀನು ತಿಂಗಳು ತಿಂಗಳು ಬಾಡಿಗೆ ಕಟ್ಟೋ ನೆಲ ಕಣೋ ಇದು.”

“ಆಗಲೂ ಹತ್ತು ತಿಂಗಳ ಅಡ್ವಾನ್ಸ್ ಕೇಳ್ತಿದ್ರಾ, ದೊಡ್ಡಪ್ಪ?”

“ದಾನ ಕಣೋ, ದಾನ!”

ಕೊನೆಯ ನಿಲ್ದಾಣ ಬೇಗೂರು. ಅಲ್ಲಿಯವರೆಗೆ ಉಳಿಯುವ ಅತಿಥಿಗಳು ವಿರಳ; ಕಾಲು ನೋವು, ರೈಲಿನ ಹೊತ್ತು, ಮಾತ್ರೆ ಮರೆತದ್ದು ಹೀಗೆ ಒಬ್ಬೊಬ್ಬರೇ ಕಳಚಿಕೊಂಡಿರುತ್ತಾರೆ. ನಾಗೇಶ್ವರ ದೇವಸ್ಥಾನದ ಆವರಣದಲ್ಲಿ ಗಂಗರ ಕಾಲದ ಕಲ್ಲೊಂದಿದೆ, ಸುಮಾರು ಕ್ರಿ.ಶ. 890ರದು. ನಾಗತ್ತರನೆಂಬ ಮುಖಂಡನ ಕಡೆಯವರು ಬೆಂಗಳೂರಿನ ಕಾಳಗದಲ್ಲಿ ಮಡಿದರೆಂದು ಅದರಲ್ಲಿ ಕೊರೆದಿದೆ. ಬಲ್ಲಾಳರಾಯನಿಗೆ ಅಜ್ಜಿ ಬೇಯಿಸಿದ ಕಾಳು ಕೊಟ್ಟ ಕಥೆಗಿಂತ ಎಷ್ಟೋ ತಲೆಮಾರು ಹಿಂದೆಯೇ ಊರಿಗೆ ಹೆಸರಿತ್ತು ಎನ್ನುವುದಕ್ಕೆ ಸಾಕ್ಷಿ. ರಾಯರು ಇಲ್ಲಿ ಚಪ್ಪಾಳೆಗೆ ಕಾಯುವುದಿಲ್ಲ. ಕೊಡೆ ಕಂಕುಳಿಗೆ ಸಿಕ್ಕಿಸಿ, ಬಗ್ಗಿ, ಅಕ್ಷರಗಳ ಗುಂಡಿಯಲ್ಲಿ ಕೂತ ಧೂಳನ್ನು ಉಫ್ ಎಂದು ಊದುತ್ತಾರೆ. ಬೆರಳು ಕಲ್ಲಿಗೆ ತಾಗದ ಹಾಗೆ ಸಾಲಿನ ಉದ್ದಕ್ಕೂ ಗಾಳಿಯಲ್ಲೇ ಓಡಿಸುತ್ತಾರೆ. ಆಮೇಲೆ ಸೊಂಟ ಹಿಡಿದುಕೊಂಡು ನೆಟ್ಟಗಾಗಿ ಹೇಳುತ್ತಾರೆ: “ಬೆಂಗಳೂರು ಮೊದಲು ಬರವಣಿಗೆಗೆ ಬಂದದ್ದೇ ಜಗಳದ ವಿಷಯಕ್ಕೆ. ಪಾರ್ಕಿಂಗ್ ತಕರಾರು ಇದ್ದರೂ ಇರಬಹುದು.”

ರಾಯರ ಮನೆಯವರು ಈ ಯಾವ ಯಾತ್ರೆಗೂ ಹೊರಡುವುದಿಲ್ಲ. ಹೊರಡುವವರ ಕೈಗೆ ಗುಟ್ಟಾಗಿ ಕೋಡುಬಳೆ ಪೊಟ್ಟಣ ತುರುಕಿ, “ಕೋಟೆ ಹತ್ರ ಬಿಚ್ಚಿ, ಅವರಿಗೆ ಕಾಣಿಸಬೇಡಿ” ಎಂದು ಕಳಿಸುತ್ತಾರೆ. ನೀವ್ಯಾಕೆ ಬರಲ್ಲ ಎಂದು ಕೇಳಿದರೆ ಅವರ ಉತ್ತರ: “ನಾನು ಮದುವೆಯಾದಾಗಿಂದ ಒಂದು ಪ್ರತಿಮೆಗೆ ಹೊತ್ತು ಹೊತ್ತಿಗೆ ಕಾಫಿ ಕೊಡ್ತಾ ಇದೀನಲ್ಲಮ್ಮ, ಸಾಲದಾ?”

ಇಷ್ಟು ನಕ್ಕ ಮೇಲೂ ರಾಯರ ಪಾಲಿಗೆ ಒಂದು ಮಾತು ಹೇಳಲೇಬೇಕು. ಜಯಂತಿಯ ದಿನ ಏಣಿ ಹಾಕಿ ಹಾರ ಹಾಕುವವರು ನಮ್ಮೂರಲ್ಲಿ ಬೇಕಾದಷ್ಟಿದ್ದಾರೆ, ಹೊಸ ಪ್ರತಿಮೆ ನಿಲ್ಲಿಸಿರೆಂದು ಮನವಿ ಕೊಡುವವರೂ ಇದ್ದಾರೆ. ಉಳಿದ ಮುನ್ನೂರ ಅರವತ್ತನಾಲ್ಕು ದಿನ ಆ ಕಲ್ಲಿನೆದುರು ನಿಂತು, ಚೀಟಿ ಕಿತ್ತು, ಧೂಳು ಊದಿ, ಬರೆದದ್ದನ್ನು ಓದುವವರು ಇಂಥ ಕೊರೆತದ ರಾಯರು ಮಾತ್ರ. ಪಾಲಿಕೆಯ ಬಜೆಟ್ಟಿನಲ್ಲಿ ಇವರಿಗೆ ಕಾಸಿಲ್ಲ, ಪ್ರವಾಸೋದ್ಯಮ ಇಲಾಖೆಯ ಪಟ್ಟಿಯಲ್ಲಿ ಹೆಸರಿಲ್ಲ. ಆದ್ದರಿಂದ ನಿಮ್ಮ ಅಡ್ಡರಸ್ತೆಯ ರಾಯರು ಗೇಟಿನ ಹತ್ತಿರ ನಿಂತು ಕರೆದರೆ ಒಂದು ಸಲವಾದರೂ ಹೋಗಿಬನ್ನಿ. ಹೊಟ್ಟೆ ತುಂಬಾ ತಿಂದುಕೊಂಡೇ ಹೋಗಿ.